ಪಿಚ್ ಕೆಳಗಿನ ಪೊಳ್ಳು

ಫೆಬ್ರವರಿ 3, ಮಂಗಳವಾರ

ಮತ್ತೆ ಯಂತ್ರದ ಲೇಸರ್ ಕೈಕೊಟ್ಟಿತು. ಸರಿಮಾಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಆದರೂ ಕ್ರಿಕೆಟ್ ಮೈದಾನದ ಮೂರನೆಯ ಸಾಲು ಮುಗಿಸಿದೆ. ತಳ್ಳು, ನಿಲ್ಲಿಸು, ಅಳೆ, ಮತ್ತೆ ತಳ್ಳು. ನೊಣಗಳು ಮೂಗಿನೊಳಗೇ ನುಗ್ಗುತ್ತವೆ.

ಕೆರಿಂಬಾದಲ್ಲಿ ಎಲ್ಲರ ಬಾಯಲ್ಲೂ ಒಂದೇ ಜೋಕು. ನೆಲದಡಿಯ ಪೊಳ್ಳು ಹುಡುಕುವ ನಮ್ಮ ಯಂತ್ರ ಚಕ್ರದ ಮೇಲಿನ ಫ್ರಿಜ್ ಥರ ಇದೆಯಲ್ಲ — "ಬಿಯರ್ ತಣ್ಣಗಾಯ್ತಾ?" ನಾನು ಹುಟ್ಟಿದ ಕಲ್ಲಿದ್ದಲ ಊರು. ಇಲ್ಲಿ ನಾನು ಡಾಕ್ಟರ್ ಪ್ರಾಥೆರೋ ಅಲ್ಲ, ಗ್ಲಿನ್‌ನ ತಂಗಿ.

ಗ್ಲಿನ್ ಕ್ರಿಕೆಟ್ ಕ್ಲಬ್‌ನ ಅಧ್ಯಕ್ಷ. ಮಧ್ಯಾಹ್ನ ಮಾಂಸದ ಪೈ ಕಚ್ಚುತ್ತ ಬಂದು ನಿಂತ.

"ಇದರೊಳಗೆ ಏನಿದೆ, ನಿಜ ಹೇಳು."

"ರುಬಿಡಿಯಂ ಪರಮಾಣುಗಳು. ತುಂಬಾ ತಣ್ಣಗೆ ಮಾಡಿ ಕೆಳಗೆ ಬಿಡ್ತೀವಿ. ಬೀಳೋವಾಗ ಒಂದೊಂದೂ ಎರಡು ದಾರೀಲಿ ಒಟ್ಟಿಗೇ ಹೋಗುತ್ತೆ. ಮತ್ತೆ ಸೇರಿದಾಗ ನೆಲ ಅದನ್ನ ಎಷ್ಟು ಎಳೀತು ಅಂತ ಓದಬಹುದು. ಪೊಳ್ಳು ನೆಲ ಕಡಿಮೆ ಎಳೆಯುತ್ತೆ."

"ಒಂದೇ ಪರಮಾಣು ಎರಡು ದಾರೀಲಿ?"

"ಹೂಂ."

"ಅಪ್ಪನೂ ಹಾಗೇ ಹೇಳ್ತಿದ್ದ. ಪಬ್‌ನಲ್ಲೂ ಇದ್ದೆ, ಮನೇಲೂ ಇದ್ದೆ, ಒಟ್ಟಿಗೇ ಎರಡೂ ಕಡೆ ಅಂತ. ಅಮ್ಮ ನಂಬಲಿಲ್ಲ."

ನಗು ಬಂತು. ತಡೆದುಕೊಂಡೆ. ಇವನೆದುರು ನಕ್ಕರೆ ಸೋತ ಹಾಗೆ.

ಫೆಬ್ರವರಿ 6, ಶುಕ್ರವಾರ. ಮಧ್ಯಾಹ್ನ

ಸಿಕ್ಕಿತು.

ಮೈದಾನದ ನಟ್ಟನಡುವೆ, ಸರಿಯಾಗಿ ಪಿಚ್ ಕೆಳಗೆ. ಎರಡು ಸಲ ಅಳೆದೆ, ದಿಕ್ಕು ಬದಲಿಸಿ ಮತ್ತೊಮ್ಮೆ ಅಳೆದೆ. ಅಳತೆಯ ಗೆರೆ ಅಲ್ಲೇ ಕುಸಿಯುತ್ತದೆ. ಕಲ್ಲಿದ್ದಲಿನ ಹಳೆಯ ಸುರಂಗದ ಚಾವಣಿ ಉದುರುತ್ತ ಉದುರುತ್ತ, ಪೊಳ್ಳು ಚಿಮಣಿಯ ಹಾಗೆ ಮೇಲಕ್ಕೇರಿದೆ. ಅಗಲ ಹೆಚ್ಚಿಲ್ಲ. ಮೇಲಿನ ಮಣ್ಣಿನ ಪದರವೂ ಹೆಚ್ಚಿಲ್ಲ.

ಮೊದಲು ಖುಷಿಯಾಯಿತು. ಒಂಬತ್ತು ವರ್ಷ ಕಟ್ಟಿದ ಯಂತ್ರ, ಪ್ರಯೋಗಶಾಲೆಯ ಹೊರಗೆ, ಧೂಳಿನಲ್ಲಿ, ಕಲ್ಲಿದ್ದಲ ರೈಲು ನೆಲ ನಡುಗಿಸುತ್ತಿದ್ದರೂ ಕೆಲಸ ಮಾಡಿತು! ತಲೆ ಎತ್ತಿದೆ. ಅದೇ ಪಿಚ್ ಮೇಲೆ ಗ್ಲಿನ್‌ನ ಮಗಳು ಕ್ಯಾರಿಸ್ ಬೌಲಿಂಗ್ ಅಭ್ಯಾಸ ಮಾಡುತ್ತಿದ್ದಳು. ಓಡಿ ಬಂದು, ಕಾಲು ಅಪ್ಪಳಿಸಿ, ಮತ್ತೆ ಓಡಿ ಬಂದು...

ಕೂಗಿ ಕರೆದೆ. "ಏನ್ ಅತ್ತೆ, ನಿಂಗೂ ಬೌಲಿಂಗ್ ಬೇಕಾ?" ಅಂದಳು.

ಫೆಬ್ರವರಿ 10

ಹಾಮಿಶ್ ಲೀಡ್‌ಬೆಟರ್‌ನ ಕತ್ತು ಹಿಸುಕಬೇಕು. ನಮ್ಮ ಕಂಪನಿಯ ಯಜಮಾನ. ಹಿಂದೆ ಒಂದೇ ಲ್ಯಾಬಿನಲ್ಲಿ ಒಟ್ಟಿಗೆ ಕನ್ನಡಿ ಒರೆಸಿದವರು ನಾವು. ಈಗ ಅವನ ಶರ್ಟಿಗೆ ಇಸ್ತ್ರಿ ಬಂದಿದೆ. ಪೊಳ್ಳಿನ ವಿಷಯ ಸದ್ಯಕ್ಕೆ ಹೊರಗೆ ಬಿಡಬೇಡ ಅನ್ನುತ್ತಾನೆ.

"ನೆರಿಸ್, ಮುಂದಿನ ವಾರ ಹೂಡಿಕೆದಾರರು ಬರ್ತಿದಾರೆ. ಅವರಿಗೆ ಕ್ವಾಂಟಮ್ ಅಂದ್ರೆ ಖುಷಿ. ಗುಂಡಿ ಅಂದ್ರೆ ವಕೀಲರು ನೆನಪಾಗ್ತಾರೆ."

"ಗುಂಡಿ ಹುಡುಕೋಕೇ ಅಲ್ವಾ ಈ ಯಂತ್ರ ಮಾಡಿದ್ದು?"

"ಹೌದು. ಆದ್ರೆ ಈ ಗುಂಡಿ ಅಲ್ಲ."

ಈ ಗುಂಡಿ ಅಲ್ಲವಂತೆ! ಬಾಗಿಲು ಬಡಿದು ಬಂದೆ. ಕೊನೆಗೆ ನಾನೇ ಹೋಗಿ ಕೇಳಿದ್ದಕ್ಕೆ ಊರಿನ ಕೌನ್ಸಿಲ್‌ನವರೇ ಒಪ್ಪಿದರು: ಒಂದು ತೂತು ಕೊರೆದು ನೋಡೋಣ. ನಾನು ಗುರುತು ಕೊಟ್ಟಿದ್ದೇನೆ. ಪಿಚ್‌ನ ನಟ್ಟನಡು.

ಫೆಬ್ರವರಿ 17

ಕೊರೆಯುವ ದಿನವೇ ಹಾಮಿಶ್ ನನ್ನನ್ನು ನ್ಯೂಕ್ಯಾಸಲ್‌ಗೆ ಕಳಿಸಿದ. ಹೂಡಿಕೆದಾರರಿಗೆ ಯಂತ್ರ ತೋರಿಸಬೇಕಂತೆ. ಒಬ್ಬ ಕೇಳಿದ, "ಇದು ಕ್ವಾಂಟಮ್ ಕಂಪ್ಯೂಟರಾ?" ಅಲ್ಲ ಎಂದೆ. ಅವನ ಮುಖ ಬಾಡಿತು. ಹಾಮಿಶ್ ನಡುವೆ ಬಾಯಿ ಹಾಕಿ, "ಅದರ ತಮ್ಮ ಅಂದ್ಕೊಳ್ಳಿ" ಅಂದ. ಎಲ್ಲರೂ ನಕ್ಕರು.

ಸಂಜೆ ಕೌನ್ಸಿಲ್‌ನಿಂದ ಫೋನ್. ಏನೂ ಸಿಗಲಿಲ್ಲ. ಆಳದವರೆಗೂ ಗಟ್ಟಿ ನೆಲ.

ನಂಬಲಾಗುತ್ತಿಲ್ಲ.

ಫೆಬ್ರವರಿ 20

ಊರಿನ ಪತ್ರಿಕೆಯಲ್ಲಿ ದಪ್ಪ ಅಕ್ಷರ: "ಡಾಕ್ಟರಮ್ಮನ ಗುಂಡಿ ಕಾಣೆ." ಬೇಕರಿಯಲ್ಲಿ ಯಾರೋ ಡೋನಟ್ ಎತ್ತಿ ಹಿಡಿದು, "ಸಿಕ್ತು ನೋಡಿ!" ಅಂದರು. ಅಂಗಡಿಗೆ ಅಂಗಡಿಯೇ ನಕ್ಕಿತು. ಬ್ರೆಡ್ ಅಲ್ಲೇ ಬಿಟ್ಟು ಬಂದೆ.

ಹಾಮಿಶ್ ವರದಿಯಲ್ಲಿ ಬರೆದದ್ದು: ಸಿಕ್ಕದ್ದು ಪೊಳ್ಳಲ್ಲ, ಉಪಕರಣದ ಗದ್ದಲ. ಗದ್ದಲ! ಮೇಲೊಂದು ಪರಮಾಣುಗಳ ಮೋಡ, ಕೆಳಗೊಂದು ಮೋಡ, ಎರಡನ್ನೂ ಒಟ್ಟಿಗೆ ಅಳೆಯುತ್ತೇವೆ. ನೆಲ ಕುಣಿದರೆ ಎರಡೂ ಕುಣಿಯುತ್ತವೆ, ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಹೋಗುತ್ತದೆ. ಯಂತ್ರದ ಅರ್ಥವೇ ಅದು. ಅವನಿಗೆ ಗೊತ್ತು. ಕಾಫಿ ಕಲೆ ಬಿದ್ದ ಕಾಗದದ ಮೇಲೆ ಆ ಲೆಕ್ಕ ಹಾಕಿದ್ದು ನಾವಿಬ್ಬರೂ ಸೇರಿ.

ಆದರೂ ಸಂಶಯ ಬಂದಿದೆ. ಅದಕ್ಕೇ ಹೆಚ್ಚು ಉರಿ. ಅಂಕಿಗಳನ್ನೆಲ್ಲ ಮತ್ತೆ ಮೊದಲಿಂದ...

ಫೆಬ್ರವರಿ 27, ಸಂಜೆ

ಒತ್ತಿ ಬರೆದು ಕಾಗದ ಹರಿಯಿತು. ಅಕ್ಷರ ಓದಲು ಬಂದರೆ ಪುಣ್ಯ.

ಪೈ ಅಂಗಡಿಯ ಸಾಲಿನಲ್ಲಿ ವಿಲಿಯಾಮಿ ಸಿಕ್ಕ. ಕೊರೆಯುವ ಲಾರಿಯವನು, ಟೊಂಗಾ ದ್ವೀಪದವನು. ಪಾಪ, ಸಮಾಧಾನ ಹೇಳಲು ಬಂದಿದ್ದ. "ಬೇಜಾರು ಮಾಡ್ಕೋಬೇಡಿ. ಪಿಚ್ ಹಾಳಾಗಬಾರದು ಅಂತ ನಿಮ್ಮಣ್ಣ ಸ್ವಲ್ಪ ಪಕ್ಕಕ್ಕೆ ಕೊರೆಯೋಕೆ ಹೇಳಿದ್ರಲ್ಲ, ಅಲ್ಲಂತೂ ನೆಲ ಕಲ್ಲು ಕಲ್ಲು."

"ಎಷ್ಟು ಪಕ್ಕಕ್ಕೆ?"

"ಹನ್ನೊಂದು ಮೀಟರ್ ಅನ್ಸುತ್ತೆ. ನಿಮ್ಮ ಬಾಸ್ ಸಹಿ ಹಾಕಿದ್ರು. ನಿಮಗೆ ಗೊತ್ತಿರಲಿಲ್ವಾ?"

ನೇರ ಕ್ಲಬ್‌ಗೆ ಹೋದೆ. ಗ್ಲಿನ್ ರೋಲರ್ ಎಳೆದು ಮುಗಿಸಿ ನೀರಿನ ಪೈಪ್ ಹಿಡಿದು ನಿಂತಿದ್ದ. ಪಿಚ್ ಮೇಲೇ!

"ಕೊರೆಯೋ ಜಾಗ ಬದಲಿಸಿದ್ದು ನೀನಾ?"

"ಮೆಲ್ಲಗೆ ಮಾತಾಡು."

"ನೀನಾ?"

"ನೆಸ್, ಇಪ್ಪತ್ತೆರಡು ವರ್ಷ ಆದ್ಮೇಲೆ ಫೈನಲ್ ನಮ್ಮ ಮೈದಾನದಲ್ಲಿ ನಡೀತಿದೆ. ಕ್ಯಾರಿಸ್ ಆಡೋ ಹೆಂಗಸರ ತಂಡ ಮೊದಲ ಸಲ ಅಲ್ಲೀವರೆಗೆ ಬಂದಿದೆ. ಮಧ್ಯ ಪಿಚ್‌ಗೆ ತೂತು ಹಾಕಿಸ್ಲಾ? ಹನ್ನೊಂದು ಮೀಟರಲ್ಲಿ ಏನು ಮಹಾ ವ್ಯತ್ಯಾಸ?"

"ಪೊಳ್ಳು ಅಷ್ಟು ಅಗಲವೇ ಇಲ್ಲ!"

"ನಿನ್ನ ಪರಮಾಣು ಎರಡೂ ಕಡೆ ಹೋಗುತ್ತೆ ಅಂದೆಯಲ್ಲ. ಗುಂಡಿಯೂ ಎರಡೂ ಕಡೆ ಇರಬೇಕಿತ್ತು."

ಅವನ ಕೈಯಿಂದ ನೀರಿನ ಪೈಪ್ ಕಿತ್ತು ಎಸೆದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಮ್ಮನ ಹೆಸರೂ ಎತ್ತಿದೆ. ಅವನು ಪೈಪ್ ಎತ್ತಿಕೊಂಡು ಮತ್ತೆ ನೀರು ಬಿಡತೊಡಗಿದ. ಪೊಳ್ಳಿನ ಮೇಲೆ ನೀರು. ದೇವರೇ.

ಮಾರ್ಚ್ 3

ಕೌನ್ಸಿಲ್: ಜಾಗ ಬದಲಾಗಿರಬಹುದು, ಆದರೂ ಒಂದು ಸಲ ಕೊರೆದಾಯಿತು, ಮತ್ತೆ ಬೇಕಾದರೆ ಕಂಪನಿಯಿಂದ ಪತ್ರ ತನ್ನಿ.

ಕಂಪನಿ ಎಂದರೆ ಹಾಮಿಶ್. "ನಿನಗೆ ಸುಸ್ತಾಗಿದೆ ನೆರಿಸ್. ಸ್ವಲ್ಪ ದಿನ ರಜೆ ತಗೋ." ಯಂತ್ರ ಬೀಗದೊಳಗೆ. ನನ್ನ ಕಾರ್ಡಿಗೆ ಬಾಗಿಲು ತೆಗೆಯುವುದಿಲ್ಲ.

ಒಂದೊಂದು ಪರಮಾಣುವಿಗೂ ಮಾತು ಕೇಳುವುದು ಕಲಿಸಿದೆ. ಮನುಷ್ಯರಿಗೆ ಆಗಲಿಲ್ಲ.

ಫೈನಲ್ ಶನಿವಾರ.

ಮಾರ್ಚ್ 7, ಶನಿವಾರ. ಸಂಜೆ

ಊರೆಲ್ಲ ಸೇರಿತ್ತು. ಸಾಸೇಜು, ಸುಟ್ಟ ಈರುಳ್ಳಿಯ ವಾಸನೆ, ಮಡಿಸುವ ಕುರ್ಚಿಗಳು. ಟಾಸ್‌ಗೆ ಮೊದಲೇ ನನ್ನ ಪಿಕಪ್ ಗಾಡಿ ಓಡಿಸಿಕೊಂಡು ಒಳಗೆ ಹೋದೆ. ಪಿಚ್ ಮೇಲೆ ಹೋಗುವ ಧೈರ್ಯ ಬರಲಿಲ್ಲ, ಪಂದ್ಯ ಶುರುವಾಗದ ಹಾಗೆ ಅಂಚಿಗೆ ಅಡ್ಡ ನಿಲ್ಲಿಸಿದೆ. ಬೀಗ ಹಾಕಿ ಬಾನೆಟ್ ಮೇಲೆ ಕೂತೆ. ಕೀಲಿ ಅಂಗಿಯೊಳಗೆ.

ಗದ್ದಲ ಹೇಗಿತ್ತೆಂದರೆ... ನನಗೂ ನನ್ನ ಓದಿಗೂ ಊರು ಇಟ್ಟುಕೊಂಡಿದ್ದ ಬೈಗುಳವೆಲ್ಲ ಒಂದೇ ಸಲ ಹೊರಬಂತು. ಯಾರೋ ಎಸೆದ ಪೈ ಗಾಜಿಗೆ ಬಡಿಯಿತು. ಕಾನ್‌ಸ್ಟೇಬಲ್ ಬಂದು, "ನೆರಿಸ್, ಇಳಿ, ಮರ್ಯಾದೆ ಇರಲಿ" ಅಂದ. ಅವನು ನನ್ನ ಜೊತೆ ಶಾಲೆಗೆ ಬಂದವನು. ಎಂಟರ ಮಗ್ಗಿ ಬರುತ್ತಿರಲಿಲ್ಲ.

ಕೊನೆಗೆ ಗ್ಲಿನ್ ಬಂದ. ಬಿಳಿ ಟೋಪಿ, ಕೆಂಪು ಮುಖ.

"ತೆಗಿ ಗಾಡಿ."

"ಕೊರೆಸು."

"ನನ್ನ ಮಾನ ತೆಗೀಬೇಕು ಅಂತಲೇ ಬಂದಿದೀಯಾ? ಈ ಊರು ನಿಂಗೆ ಏನು ಮಾಡಿತ್ತು?"

"ಊರಿಗೆ ಏನೂ ಆಗಬಾರದು ಅಂತ ಬಂದಿದೀನಿ, ಪೆದ್ದ! ಕೆಳಗೆ ಏನೂ ಇಲ್ಲ. ಅರ್ಥ ಆಗುತ್ತಾ? ಏನೂ ಇಲ್ಲ!"

"ಏನೂ ಇಲ್ವಾ?" ಎನ್ನುತ್ತ ನೇರ ಪಿಚ್ ಮಧ್ಯೆ ಹೋಗಿ ನಿಂತ. ಜನರ ಕಡೆ ತಿರುಗಿ ಎರಡೂ ಕೈ ಎತ್ತಿದ. ಹಿಮ್ಮಡಿಯಿಂದ ನೆಲ ಗುದ್ದಿದ. "ನೋಡ್ರಪ್ಪಾ! ನಿಂತಿದೀನಿ! ನಮ್ಮ ಡಾಕ್ಟರಮ್ಮನ ಗುಂಡೀಲಿ ನಿಂತಿದೀನಿ!" ಮೈದಾನವೆಲ್ಲ ಚಪ್ಪಾಳೆ. ಮತ್ತೆ ಗುದ್ದಿದ. ಕಿರುಚಿದೆನೇನೋ, ಗೊತ್ತಿಲ್ಲ.

ಆಗ ಕ್ಯಾರಿಸ್ ಹೊರಟಳು. ಚೆಂಡು ಕೈಯಲ್ಲೇ ಇತ್ತು. ಅಪ್ಪನನ್ನು ಕರೆದೊಯ್ಯಲು ಬಂದಳೋ, ಜೊತೆಗೆ ನಿಲ್ಲಲು ಬಂದಳೋ. ನಗುತ್ತಲೇ ಪಿಚ್ ಕಡೆ ಓಡಿ ಬರುತ್ತಿದ್ದಳು.

"ಅಲ್ಲೇ ನಿಲ್ಲು!"

ಗ್ಲಿನ್‌ನ ಗಂಟಲು. ಅಂಥ ದನಿ ನಾನು ಅವನಲ್ಲಿ ಕೇಳಿರಲಿಲ್ಲ.

"ಬರಬೇಡ ಕ್ಯಾರಿಸ್! ಹಿಂದೆ ಹೋಗು! ಹೋಗು ಅಂದೆ!"

ಅವಳು ನಿಂತಳು. ಚಪ್ಪಾಳೆಯೂ ನಿಂತಿತು. ಎಲ್ಲರಿಗೂ ಕೇಳಿಸಿತ್ತು. ಗ್ಲಿನ್ ಎತ್ತಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ. ತನ್ನ ಮಾತು ತನಗೇ ಆಮೇಲೆ ಕೇಳಿಸಿದ ಹಾಗೆ ಮುಖ ಬಿಳಿಚಿತ್ತು.

ಆಮೇಲೆ ಒಂದೊಂದೇ ಹೆಜ್ಜೆ, ಕಾಲು ಊರದ ಹಾಗೆ, ಹುಲ್ಲಿನ ಅಂಚಿಗೆ ಬಂದ. ಅಂಪೈರ್‌ಗೆ ಏನೋ ಹೇಳಿದ. ನನ್ನ ಕಡೆ ನೋಡಲಿಲ್ಲ.

ಪಂದ್ಯ ಪಕ್ಕದ ಊರಿಗೆ ಹೋಯಿತು. ನಮ್ಮವರು ಸೋತರಂತೆ. ಅದೂ ನನ್ನ ತಲೆಗೇ.

ಮಾರ್ಚ್ 9, ಸೋಮವಾರ

ಕ್ಲಬ್‌ನವರೇ ಕೊರೆಸಿದರು. ನಾನು ಹೇಳಿದ ಜಾಗದಲ್ಲೇ. ಉದ್ದನೆಯ ತೋಳಿನ ಲಾರಿ ದೂರ ನಿಲ್ಲಿಸಿ ವಿಲಿಯಾಮಿ ರಾಡ್ ಇಳಿಸಿದ. ಸ್ವಲ್ಪ ಹೊತ್ತು ಗರಗರ ಸದ್ದು. ಆಮೇಲೆ ಸದ್ದೇ ಇಲ್ಲ. ರಾಡ್ ತಾನಾಗಿ ಜಾರಿ ಬಿತ್ತು. ತೂತಿನಿಂದ ಹಳಸಲು ಗಾಳಿ ಬಂತು.

ಗೆದ್ದೆ ಎನಿಸಬೇಕಿತ್ತು. ಎನಿಸಲಿಲ್ಲ. ಗ್ಲಿನ್ ಬೇಲಿಯಾಚೆ ಬೆನ್ನು ತಿರುಗಿಸಿ ನಿಂತಿದ್ದ.

ಒಂದು ಮಾತು ಆಡಬಾರದಾ? ತಪ್ಪಾಯಿತು ಎನ್ನುವುದು ಬೇಡ, "ಹೂಂ" ಅಂದರೂ ಸಾಕಿತ್ತು.

ಮಾರ್ಚ್ 12, ಗುರುವಾರ

ಬೆಳಿಗ್ಗೆ ರೇಡಿಯೋದಲ್ಲಿ ಹಾಮಿಶ್. "ನಮ್ಮ ಕ್ವಾಂಟಮ್ ತಂತ್ರಜ್ಞಾನ ಒಂದು ಊರನ್ನೇ ಉಳಿಸಿತು." ನಮ್ಮ! ಉಪಕರಣದ ಗದ್ದಲ ಎಲ್ಲಿ ಹೋಯಿತೋ. ಟೋಸ್ಟಿಗೆ ಸವರಿದ ಕಪ್ಪು ವೆಜಿಮೈಟ್ ಗೋಡೆಗೆ ಹೋಯಿತು, ತಟ್ಟೆಯ ಸಮೇತ. ರಾಜೀನಾಮೆ ಕಳಿಸಿದೆ. ಒಂದೇ ಸಾಲು. ಅದರಲ್ಲಿ ಒಂದು ಕೆಟ್ಟ ಪದ.

ಮಧ್ಯಾಹ್ನ

ಗ್ಲಿನ್ ಬಂದ. ಹಿತ್ತಿಲ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ಇಷ್ಟು ದಿನ ಕಟ್ಟಿಟ್ಟುಕೊಂಡ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು.

"ನೆಸ್. ಆ ಸುರಂಗ... ಯಾವ ಕಡೆ ಹೋಗುತ್ತೆ?"

"ಗೊತ್ತಿಲ್ಲ. ಮೈದಾನ ಮಾತ್ರ ಅಳೆದದ್ದು."

"ನಮ್ಮ ಬೀದಿ ಕಡೆ ಹೋಗಿರಬಹುದಾ?"

ಹೋಗಿರಬಹುದು. ನಕ್ಷೆಯಲ್ಲಿ ಸುರಂಗದ ಗೆರೆ ಆ ಕಡೆಗೇ ಬಾಗಿತ್ತು. ಅವನಿಗೆ ನನ್ನ ಮುಖದಲ್ಲೇ ಗೊತ್ತಾಯಿತು.

"ಕ್ಯಾರಿಸ್ ರೂಮಿನ ಗೋಡೇಲಿ ಬಿರುಕು ಬಿಟ್ಟಿದೆ. ಹಳೇದು ಅಂದ್ಕೊಂಡಿದ್ದೆ." ಟೋಪಿ ಕೈಯಲ್ಲಿ ತಿರುಗಿಸುತ್ತಿದ್ದ. "ನಿನ್ನ ಆ ಫ್ರಿಜ್ಜು ನಮ್ಮ ಬೀದಿಗೂ ತರ್ತೀಯಾ?"

ನನ್ನ ಫ್ರಿಜ್ಜು ಈಗ ನನ್ನದಲ್ಲ. ಅಂಥದ್ದು ಈ ದೇಶದಲ್ಲಿ ಇನ್ನೊಂದು ಸದ್ಯಕ್ಕೆ ಸಿಗುವುದಿಲ್ಲ. ಅದರ ಬೀಗ ಹಾಮಿಶ್ ಹತ್ತಿರ.

"ಎಲ್ಲರನ್ನೂ ಅಮ್ಮನ ಮನೆಗೆ ಕಳಿಸು. ಇವತ್ತೇ" ಅಂದೆ. ಕಟ್ಟಿಟ್ಟುಕೊಂಡ ಮಾತು ಒಂದೂ ಆಡಲಿಲ್ಲ. ಅವನು ಓಡಿಯೇ ಹೋದ.

ಆಡದ ಮಾತೆಲ್ಲ ಎದೆಯಲ್ಲಿ ಹಾಗೇ ಉರಿಯುತ್ತಿದೆ. ಅದನ್ನಿಟ್ಟುಕೊಂಡೇ ಈಗ ಆ ಹಾಮಿಶ್‌ಗೇ ಫೋನ್ ಮಾಡಬೇಕು. ಯಂತ್ರ ಕೊಡು, ದಯವಿಟ್ಟು ಅನ್ನಬೇಕು. ಬೆಳಿಗ್ಗೆ ಬರೆದ ಆ ಪದಕ್ಕೂ ಕ್ಷಮೆ ಕೇಳಬೇಕೇನೋ. ಮೊಳೆ ನುಂಗಿದ ಹಾಗೆ.

ರಿಂಗ್ ಆಗುತ್ತಿದೆ. ಎತ್ತುತ್ತಿಲ್ಲ. ಬೇಕೆಂದೇ ಎತ್ತುತ್ತಿಲ್ಲ ಆ...

ಎತ್ತಿದ. ನಗುತ್ತಿದ್ದಾನೆ. ನಗಲಿ, ನಾನು ಈಗ—