ಉಗುರಿಗೆ ಸಿಗದಷ್ಟು

ನವೆಂಬರ್ ೩, ಶನಿವಾರ

ಮತ್ತೆ ಮಂಜು. ಹ್ಯಾಂಗರಿನ ಬಾಗಿಲು ತಳ್ಳಲು ಮೂವರು ಬೇಕಾದರು. ಆಮೇಲೆ ಎಲ್ಲರೂ ಸಾಲಾಗಿ ನಿಂತು ರನ್‌ವೇ ಮೇಲೆ ಕಸ ಆಯುವ ಕೆಲಸ — ತಲೆ ತಗ್ಗಿಸಿ, ನಿಧಾನ ನಡಿಗೆ. ನನಗೆ ಇಷ್ಟ. ಯಾರೂ ಮಾತಾಡಬೇಕಾಗಿಲ್ಲ. ಸಿಕ್ಕಿದ್ದು ಒಂದು ಬೋಲ್ಟು, ಗಾಜಿನ ಚೂರು, ಲಾರಿಯಿಂದ ಉದುರಿದ ಒಂದು ಬೀಟ್ ಗೆಡ್ಡೆ.

ನಂತರ ಡಬ್ಬಿ. ಮುದುಕಿಯ, ಅಂದರೆ ನಮ್ಮ ಹಳೇ ಜೆಟ್ ವಿಮಾನದ, ಎಂಜಿನ್ ಶುರುಮಾಡುವ ಮುಂಚೆ ಎಲ್ಲರ ಜೇಬೂ ಖಾಲಿಯಾಗಬೇಕು. ಬೀಗದ ಕೈ, ಚಿಲ್ಲರೆ, ಪೆನ್ನು... ಗಾಳಿ ಎಳೆಯುವ ಆ ಬಾಯಿಗೆ ಏನು ಹೋದರೂ ಮುಗಿಯಿತು. ಹಳೇ ಬಿಸ್ಕತ್ತು ಡಬ್ಬಿ ಹಿಡಿದು ನಿಲ್ಲುವವಳು ನಾನು. ವಸಂತದವರೆಗೆ ಹೊರೇಸ್ ಅವರ ಹೆಂಡತಿ ಮ್ಯೂರಿಯಲ್ ನಿಲ್ಲುತ್ತಿದ್ದರು. ಈಗ ಅವರಿಲ್ಲ.

"ಬನ್ರಪ್ಪ, ಕಾಣಿಕೆ ಹಾಕಿ," ಅಂದರು ಡೆಸ್ಮಂಡ್. ಹ್ಯಾಂಗರಿನ ಮೇಲ್ವಿಚಾರಣೆಯೆಲ್ಲ ಅವರದೇ, ಕಾಗದಕ್ಕೆ ಸಹಿಯೂ ಅವರದೇ. "ಕವಿಗಳೇ, ಡಬ್ಬಿ ಸ್ವಲ್ಪ ಮೇಲಕ್ಕೆ ಹಿಡೀರಿ. ನನ್ನ ಬೆನ್ನು ಬಗ್ಗಲ್ಲ."

ಸಾಹಿತ್ಯ ಓದಿದ್ದೇನೆ ಎಂದು ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಸಿಕ್ಕ ಬಿರುದು. ಟ್ಯಾಮ್ಸಿನ್ ಎಂಬ ಹೆಸರು ಯಾರಿಗೂ ನೆನಪಿಲ್ಲ.

ಹೊರೇಸ್ ಎರಡು ಪೆಪ್ಪರ್‌ಮಿಂಟು, ಪೆನ್ಸಿಲ್ ತುಂಡು, ಕೊನೆಗೆ ಕಿವಿಯ ಮೆಷಿನ್ ಹಾಕಿದರು. ಎಂಬತ್ತು ದಾಟಿದೆ. ವಾಯುಪಡೆಯಲ್ಲಿ ಹುಡುಗನಾಗಿ ಇದೇ ಥರದ ಎಂಜಿನ್ ಬಿಚ್ಚಿ ಕಟ್ಟಿದವರು. ಕಿವಿಯನ್ನು ತಿಂದದ್ದೂ ಅವೇ ಎಂಜಿನ್‌ಗಳು.

"ಹಲ್ಲಿನ ಸೆಟ್ಟೂ ಹಾಕ್ಲೇನಮ್ಮ?"

ಬೇಡ ಅಂದೆ.

"ಏನಂದ್ಲು?"

"ಬೇಡವಂತೆ!" ಡೆಸ್ಮಂಡ್ ಕೂಗಿದರು.

"ಈ ಹುಡುಗಿ ಮಾತಾಡಿದ್ರೆ ಇರುವೆ ಕೆಮ್ಮಿದ ಹಾಗೆ."

ಎಲ್ಲರೂ ನಕ್ಕರು. ನಾನೂ.

ಮ್ಯೂರಿಯಲ್ ಇದ್ದಾಗ ಹೊರೇಸ್‌ಗೆ ಕಿವಿಯೇ ಬೇಕಿರಲಿಲ್ಲ. ಹ್ಯಾಂಗರಿನ ಮಾತನ್ನೆಲ್ಲ ಆಕೆ ಎಡಗಿವಿಗೆ ಕೂಗಿ ದಾಟಿಸುತ್ತಿದ್ದರು. ಮುದುಕಿ ಮೇಲೆ ಹಾರುವಾಗ ಅವರು "ಹೇಗಿದ್ದಾಳೆ?" ಅಂತ ಕೇಳುವುದು, ಆಕೆ "ಚೆನ್ನಾಗಿದ್ದಾಳೆ ಕಣ್ರಿ" ಅನ್ನುವುದು. ಎರಡು ಬೇಸಿಗೆ ಇದನ್ನೇ ಕೇಳಿದ್ದೇನೆ.

ಮುಂದಿನ ಭಾನುವಾರ ಯುದ್ಧದಲ್ಲಿ ಸತ್ತವರ ನೆನಪಿನ ದಿನ. ಹನ್ನೊಂದು ಗಂಟೆಗೆ ಸ್ಕಾರ್‌ಬಿ ಹಳ್ಳಿಯ ಸ್ಮಾರಕದ ಮೇಲೆ ಮುದುಕಿ ಹಾರಬೇಕು. ಪ್ರತಿ ವರ್ಷದ ಹಾಗೆ.

ನವೆಂಬರ್ ೧೧, ಭಾನುವಾರ, ಸಂಜೆ

ಬರೆಯಲು ಆಗುತ್ತಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಎಲ್ಲರ ಎದೆಯ ಮೇಲೂ ಸತ್ತ ಸೈನಿಕರ ನೆನಪಿನ ಕೆಂಪು ಗಸಗಸೆ ಹೂ, ಕಾಗದದ್ದು. ಹೊರೇಸ್‌ದು ಮಾತ್ರ ಹೂವಿನಾಕಾರದ ಲೋಹದ ಬಿಲ್ಲೆ, ಮೇಲೆ ಕೆಂಪು ಎನಾಮಲ್. ಮ್ಯೂರಿಯಲ್‌ದು. ಆಕೆಯಿಲ್ಲದ ಮೊದಲ ನವೆಂಬರ್. ಕೋಟಿನ ಮೇಲೆ ಸ್ವಲ್ಪ ಸೊಟ್ಟಗೆ ಕೂತಿತ್ತು.

ಡಬ್ಬಿ ಹಿಡಿದು ನಿಂತಾಗ ನೋಡಿದೆ. ಎಲ್ಲರೂ ನೋಡಿದರು. ಹನ್ನೊಂದು ಹೊಡೆಯುವ ಮುಂಚೆ ಆ ಹೂವನ್ನು ಯಾರೂ ತೆಗೆಯುವುದಿಲ್ಲ, ತೆಗೆಯಿರಿ ಅಂತ ಯಾರೂ ಹೇಳುವುದೂ ಇಲ್ಲ. ನಮ್ಮ ನಿಯಮಗಳಲ್ಲಿ ಬೀಗದ ಕೈ ಇದೆ, ಉಂಗುರ ಇದೆ. ಹೂ ಇಲ್ಲ.

ಎಂದಿನಂತೆ ಹೊರೇಸ್ ಕೊನೆಯ ಸಲ ರೆಕ್ಕೆಯ ಬುಡದ ಗಾಳಿಬಾಯೊಳಗೆ ಟಾರ್ಚ್ ಹಿಡಿದು ಬಗ್ಗಿ ನೋಡಿದರು. ಮುದುಕಿಯ ಪಕ್ಕೆ ತಟ್ಟಿದರು. ಹಿಂದೆ ಸರಿದರು.

ಎಂಜಿನ್ ಏರಿತು. ಆ ಸೀಟಿಯಂಥ ಶಬ್ದ ಮೇಲೆ, ಇನ್ನೂ ಮೇಲೆ... ಆಮೇಲೆ ಚಮಚ ಬಿದ್ದಂತೆ ಒಂದು ಸದ್ದು. ಅಷ್ಟೇ. ನಂತರ ಹಲ್ಲು ಕಡಿದ ಹಾಗೆ.

ಪೈಲಟ್ ತಕ್ಷಣ ಆರಿಸಿದರು. ಹೊರೇಸ್‌ಗೆ ಏನೂ ಕೇಳಿಸಿರಲಿಲ್ಲ. ಮೆಷಿನ್ ನನ್ನ ಡಬ್ಬಿಯಲ್ಲಿತ್ತು. ಹೆಬ್ಬೆರಳು ಎತ್ತಿ ನಗುತ್ತ ನಿಂತೇ ಇದ್ದರು, ತಿರುಗಿ ನಮ್ಮ ಮುಖ ನೋಡುವವರೆಗೂ.

ಹನ್ನೊಂದಕ್ಕೆ ಆರಿದ ವಿಮಾನದ ಪಕ್ಕದಲ್ಲೇ ಟೋಪಿ ತೆಗೆದು ನಿಂತೆವು. ಎರಡು ನಿಮಿಷದ ಮೌನ ಮುಗಿದ ಮೇಲೂ ಯಾರೂ ಟೋಪಿ ಹಾಕಲಿಲ್ಲ.

ಬಸ್ಸಿನಲ್ಲಿ ಸ್ಕಾರ್‌ಬಿಯ ಒಬ್ಬಾಕೆ ಪಕ್ಕದವಳಿಗೆ ಹೇಳುತ್ತಿದ್ದಳು — "ಕತ್ತು ನೋಯೋ ತನಕ ಮೇಲೆ ನೋಡಿದ್ವಿ. ಬರಲೇ ಇಲ್ಲ."

ನವೆಂಬರ್ ೧೩, ಮಂಗಳವಾರ

ನಾನು, ಡೆಸ್ಮಂಡ್, ಇಬ್ಬರೇ. ಹೊರೇಸ್ ಮಂಗಳವಾರ ಬರುವುದಿಲ್ಲ, ಸಮಾಧಿಗೆ ಹೋಗುತ್ತಾರೆ.

ಕ್ಯಾಮೆರಾದ ಕೊಳವೆ ಒಳಗೆ ಬಿಟ್ಟು ನೋಡಿದೆವು. ಗಾಳಿಯನ್ನು ಒಳಗೆಳೆದು ಒತ್ತುವ ದೊಡ್ಡ ಚಕ್ರ, ಅದರ ಎಸಳುಗಳಲ್ಲಿ ಒಂದರ ಅಂಚು ಹರಿದಿದೆ. ಇಲಿ ಕಡಿದ ರೊಟ್ಟಿಯಂತೆ.

"ಬೇರೆ ಎಂಜಿನ್ ಇಲ್ಲವಾ?" ಕೇಳಿದೆ.

"ಇದ್ದದ್ದು ತುಕ್ಕು ಹಿಡಿದು ಸತ್ತು ಎಷ್ಟೋ ಕಾಲ ಆಯ್ತು. ಇದು ಸರಿಹೋಗ್ಲಿಲ್ಲ ಅಂದ್ರೆ ಮುದುಕೀನ ಕಂಬಕ್ಕೆ ಏರಿಸ್ತಾರೆ. ಊರ ಬಾಗಿಲಲ್ಲಿ, ರಸ್ತೆ ಮಧ್ಯ. ಮೇಲೆ ಕಾಗೆ ಕೂರುತ್ವೆ." ಕೊಳವೆ ಹೊರಗೆಳೆದರು. "ಅರ ಹಿಡಿದು ಆ ಗಾಯ ಉಜ್ಜಿ ನುಣುಪು ಮಾಡ್ಬಹುದು. ಕೈಯಲ್ಲೇ. ಹಾಗೆ ಮಾಡಿದೋರು ನಮ್ಮಲ್ಲಿ ಹೊರೇಸ್ ಒಬ್ರೇ."

ಆಮೇಲೆ ಎಂಜಿನ್ ಕೆಳಗಿನ ಕವಚದಲ್ಲಿ ಅದು ಸಿಕ್ಕಿತು. ಟಾರ್ಚ್ ಹಿಡಿದವಳು ನಾನು, ಮೊದಲು ಕಂಡದ್ದೂ ನನಗೇ. ಉಗುರಿನಷ್ಟು ಲೋಹ, ಮುದುರಿಹೋಗಿದೆ. ಒಂದು ಮೂಲೆಯಲ್ಲಿ ಕೆಂಪು.

ಡೆಸ್ಮಂಡ್ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

"ಕಲ್ಲು ಕಣಮ್ಮ ಇದು. ರನ್‌ವೇ ಕಲ್ಲು."

ತಲೆಯಾಡಿಸಿದೆ.

"ಗೊತ್ತಾದ್ರೆ ಆ ಮನುಷ್ಯ ಮತ್ತೆ ಅರ ಮುಟ್ಟಲ್ಲ," ಅಂದರು. ನನಗಲ್ಲ, ಕಿಟಕಿಗೆ ಹೇಳಿದ ಹಾಗೆ.

ನವೆಂಬರ್ ೧೭, ಶನಿವಾರ

ಹೊರೇಸ್ ಬಂದರು. ಕೋಟಿನ ಮೇಲೆ ಪಿನ್ನಿನ ಎರಡು ತೂತು ಮಾತ್ರ.

"ಮ್ಯೂರಿಯಲ್ ಬಿಲ್ಲೆ ಎಲ್ಲೋ ಬಿದ್ದೋಯ್ತು. ಬಸ್ ಡಿಪೋದಲ್ಲಿ ಕೇಳ್ದೆ. ಚರ್ಚ್‌ನಲ್ಲೂ ಕೇಳ್ದೆ. ಯಾರೋ ಬಿಟ್ಟೋದ ಛತ್ರಿ ಇದೆ, ಬೇಕಾದ್ರೆ ತಗೊಂಡೋಗಿ ಅಂದ್ರು."

ಯಾರೂ ನಗಲಿಲ್ಲ. ಕೆಟಲ್ ಕುದಿಯಿತು. ಎಲ್ಲರೂ ಒಟ್ಟಿಗೆ ಅದರ ಕಡೆಗೆ ಎದ್ದರು. ಹೇಳದೆಯೇ ಎಲ್ಲರಿಗೂ ಗೊತ್ತಿದೆ... ಹೇಗೆ ಅಂತ ಗೊತ್ತಿಲ್ಲ.

ಕಳಚಿಟ್ಟ ಚಕ್ರದ ಮುಂದೆ ಕೂತು ಅವರು ಹರಿದ ಅಂಚನ್ನು ತುಂಬ ಹೊತ್ತು ನೋಡಿದರು.

"ಕಲ್ಲಾ?"

"ಕಲ್ಲು," ಅಂದರು ಡೆಸ್ಮಂಡ್.

ಹೊರೇಸ್ ನನ್ನ ಕಡೆ ತಿರುಗಿದರು. "ನೀನೂ ಇದ್ದೆಯಲ್ಲ. ಏನದು?"

"ಕಲ್ಲು."

"ಸರಿ," ಅಂದರು. ಅರಗಳ ಚೀಲ ಬಿಚ್ಚಿದರು.

ಮೊದಲ ಬಾರಿಗೆ ನನ್ನ ಮಾತು ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.

ಡಿಸೆಂಬರ್ ೧೫, ಶನಿವಾರ

ಹ್ಯಾಂಗರಿನಲ್ಲಿ ಉಸಿರು ಹೊಗೆಯಾಗುತ್ತದೆ. ಹೊರೇಸ್ ಬೆರಳು ಕತ್ತರಿಸಿದ ಕೈಗವಸು ಹಾಕಿಕೊಂಡು ಉಜ್ಜುತ್ತಾರೆ. ನಾನು ದೀಪ ಹಿಡಿಯುತ್ತೇನೆ. ಇಡೀ ದಿನ ಉಜ್ಜಿದರೂ ನೆಲದ ಮೇಲೆ ಬೀಳುವುದು ಚಿಟಿಕೆ ಪುಡಿ.

ಅರ ಒಂದೇ ದಿಕ್ಕಿಗೆ ಹೋಗಬೇಕು. ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಆಮೇಲೆ ಹೆಬ್ಬೆರಳಿನ ಉಗುರು ಓಡಿಸಿ ನೋಡಬೇಕು.

"ಕಣ್ಣು ಸುಳ್ಳು ಹೇಳುತ್ತೆ. ಉಗುರು ಹೇಳಲ್ಲ. ಸಿಕ್ಕಿತೋ, ಒಳಗೆ ಇನ್ನೂ ಗಾಯ ಇದೆ ಅಂತ. ಬಿಟ್ರೆ ಹಾರುವಾಗ ಅದೇ ಸೀಳುತ್ತೆ. ನೋಡು."

ಓಡಿಸಿದೆ. ಸಿಕ್ಕಿತು.

"ಸಿಕ್ತು," ಅಂದೆ.

"ಏನು?"

ತಲೆಯಾಡಿಸಿದೆ. ಮತ್ತೆ ಉಜ್ಜಿದರು.

ಊಟಕ್ಕೆ ಡೆಸ್ಮಂಡ್ ಹೆಂಡತಿ ಕಳಿಸಿದ ದ್ರಾಕ್ಷಿ ಬ್ರೆಡ್ಡು. ಹೊರೇಸ್ ತಮ್ಮ ಪಾಲಿಗೆ ಬೆಣ್ಣೆ ಹಚ್ಚಿ, ಅರ್ಧ ಕತ್ತರಿಸಿ, ಅರ್ಧವನ್ನು ತಟ್ಟೆಯ ಆ ಬದಿಗೆ ಸರಿಸಿದರು. ಮ್ಯೂರಿಯಲ್ ಪಾಲು ಸರಿಸಿದ್ದು ಅರಿವಾಗಿ ಚಾಕು ಕೆಳಗಿಟ್ಟರು.

ಡೆಸ್ಮಂಡ್ ಆ ಅರ್ಧ ಎತ್ತಿಕೊಂಡು ತಿಂದರು. "ಯಜಮಾನ್ರು ದಾನಶೂರರು," ಅಂದರು ಬಾಯಿ ತುಂಬಿಕೊಂಡು.

"ದರಿದ್ರದವನೇ," ಅಂದರು ಹೊರೇಸ್. ಸ್ವಲ್ಪ ನಕ್ಕರು.

ಜನವರಿ ೧೯, ಶನಿವಾರ

ಕೆಟ್ಟ ಎಸಳು ಮುಗಿಯಿತು. ಮುಗಿಯಿತು ಅಂದುಕೊಂಡೆ. ಹೊರೇಸ್ ಚಕ್ರ ತಿರುಗಿಸಿ ಎದುರಿನ ಎಸಳನ್ನು ಹಿಡಿದರು. ಅದಕ್ಕೆ ಏನೂ ಆಗಿಲ್ಲ. ಹೊಳೆಯುತ್ತಿದೆ.

ಇದು ಯಾಕೆ ಅಂತ ಕೈಸನ್ನೆ ಮಾಡಿದೆ.

"ಇಲ್ಲಿ ಎಷ್ಟು ಹೋಯ್ತೋ ಅಲ್ಲೂ ಅಷ್ಟೇ ಹೋಗ್ಬೇಕು. ಇಲ್ದಿದ್ರೆ ತೂಕ ತಪ್ಪಿ, ನಡುಗಿ ನಡುಗಿ ಎಂಜಿನ್ನೇ ಒಡೆಯುತ್ತೆ."

ಗಟ್ಟಿಯಾಗಿರುವ ಎಸಳಿಗೆ ಅರ ಇಟ್ಟರು. ಆ ಮೊದಲ ಶಬ್ದ... ಮುಖ ತಿರುಗಿಸಿದೆ. ದೀಪ ಅಲ್ಲಾಡಿತು.

"ದೀಪ," ಅಂದರು.

ಫೆಬ್ರವರಿ ೨, ಶನಿವಾರ

ಹಿಮ. ಬಸ್ಸಿಲ್ಲ. ಯಾರೂ ಹೋಗಲಿಲ್ಲ.

ಡೆಸ್ಮಂಡ್ ಫೋನ್ — ಹೊರೇಸ್ ಹ್ಯಾಂಗರಿಗೆ ನಡೆದೇ ಹೋಗಿದ್ದಾರಂತೆ. ಬಾಗಿಲು ತಳ್ಳಲಾಗದೆ ಹೊರಗೇ ನಿಂತಿದ್ದರಂತೆ. ಹೊಲದ ಕಡೆಯಿಂದ ಬಂದ ಟ್ರ್ಯಾಕ್ಟರಿನವನು ನೋಡಿ ಮನೆಗೆ ಬಿಟ್ಟನಂತೆ.

ಮಾರ್ಚ್ ೧೬, ಶನಿವಾರ

ಆರು ವಾರ ಏನೂ ಬರೆದಿಲ್ಲ. ಹೊರೇಸ್ ಎದೆಯಲ್ಲಿ ಕಫ ಕಟ್ಟಿ ಮಲಗಿದ್ದರು. ಮುದುಕಿಯೂ ಬಟ್ಟೆ ಹೊದ್ದು ನಿಂತಿದ್ದಳು. ಮುದುಕಿಯನ್ನು ಕಂಬಕ್ಕೆ ಏರಿಸುವವರು ಒಮ್ಮೆ ಬಂದು ಅಳತೆ ತೆಗೆದುಕೊಂಡು ಹೋದರು. ಡೆಸ್ಮಂಡ್ ಅವರಿಗೆ ಟೀ ಕೊಡಲಿಲ್ಲ. ಅವರಿಂದ ಅಷ್ಟು ಒರಟುತನ ನಾನು ಕಂಡದ್ದೇ ಇಲ್ಲ.

ಇವತ್ತು ಹೊರೇಸ್ ಬಂದರು. ತೆಳ್ಳಗಾಗಿದ್ದಾರೆ. ಕಾಲರಿನೊಳಗೆ ಕತ್ತು ಆಡುತ್ತದೆ. ಉಳಿದದ್ದನ್ನು ಮಧ್ಯಾಹ್ನದೊಳಗೆ ಉಜ್ಜಿ ಮುಗಿಸಿದರು.

"ನೀನು ನೋಡು. ನನ್ನ ಉಗುರು ಸವೆದಿದೆ."

ಕಣ್ಣು ಮುಚ್ಚಿ ಓಡಿಸಿದೆ. ಆ ಎಸಳು, ಎದುರಿನ ಎಸಳು. ಮತ್ತೆ ಆ ಎಸಳು. ಎಲ್ಲೂ ಸಿಗಲಿಲ್ಲ. ಒದ್ದೆ ಸಾಬೂನಿನ ಮೇಲೆ ಹೋದಂತೆ.

ತಲೆ ಅಡ್ಡಡ್ಡ ಆಡಿಸಿದೆ. ಅವರು ಅರವನ್ನು ಒರೆಸಿದರು. ಒರೆಸುತ್ತಲೇ —

"ಅದು ಕಲ್ಲಲ್ಲ, ಅಲ್ವಾ?"

ಎಸಳಿನಿಂದ ಕೈ ತೆಗೆದೆ.

"ಕಲ್ಲು ಬಡಿದ್ರೆ ಜಜ್ಜಿರುತ್ತೆ. ಇದು ಕೊಯ್ದಿತ್ತು. ಆದ್ರೂ ನಾನು ಡೆಸ್ಮಂಡನ್ನ ನಂಬ್ತಿದ್ದೆನೋ ಏನೋ. ನಿನ್ನನ್ನ ಕೇಳಿದ್ದೇ ತಪ್ಪಾಯ್ತು."

"ನಾನು—"

"ನಿನ್ನ ಒಂದು ಮಾತೂ ಇವತ್ತಿನವರೆಗೆ ನನಗೆ ಕೇಳಿಸಿಲ್ಲ ಮಗಳೇ. ನಿಜ ಹೇಳೋವಾಗೆಲ್ಲ ಇರುವೆ ಕೆಮ್ಮಿದ ಹಾಗೆ ಹೇಳ್ತಿ. ಆವತ್ತು ಒಂದಿನ ಮಾತ್ರ ಮಿಲಿಟರಿಯೋರ ಹಾಗೆ ಕೂಗ್ದೆ."

ಡೆಸ್ಮಂಡ್ ಯಾವಾಗ ಹಿಂದೆ ಬಂದು ನಿಂತರೋ. ಕರವಸ್ತ್ರವನ್ನು ಹೊರೇಸ್ ಟೀ ಲೋಟದ ಪಕ್ಕ ಇಟ್ಟು ಹೋದರು.

ಹೊರೇಸ್ ಬಿಚ್ಚಿ ನೋಡಿದರು. ಕೆಂಪು ಮೂಲೆಯ ಮೇಲೆ ಉಗುರು ಓಡಿಸಿದರು. ಆ ಸಣ್ಣ ಸದ್ದು ನನಗೆ ಕೇಳಿಸಿತು.

"ಆಕೆ ಇದ್ದಿದ್ರೆ ಡಬ್ಬಿ ಹಿಡ್ಕೊಂಡು ಬಂದು ಕಿತ್ಕೊಂಡಿರೋಳು. ಹೂವೋ ಗೀವೋ. ರಾಣಿ ಬಂದ್ರೂ ಕಿರೀಟ ತೆಗೀರಿ ಅನ್ನೋಳು."

ಅಳು ಬಂತು. ಡಬ್ಬಿ ಹಿಡಿದವಳು ನಾನಲ್ಲವೇ. ಅವರು ನೋಡಿದರು.

"ಛೇ. ನಿನ್ನನ್ನಲ್ಲ. ನನ್ನ ಕೋಟು, ನನ್ನ ಕೈ."

ಎದ್ದರು. ಗೋಡೆಯ ಹಲಗೆಯ ಮೇಲೆ ಒಂದೊಂದು ಸಲಕರಣೆಗೂ ಅದರದೇ ಆಕಾರದ ಕಪ್ಪು ನೆರಳು ಬರೆದಿದೆ. ಯಾವುದು ಕಾಣೆಯಾದರೂ ತಕ್ಷಣ ಗೊತ್ತಾಗಲಿ ಎಂದು. ಅರವನ್ನು ಅದರ ನೆರಳಿಗೆ ತೂಗುಹಾಕಿದರು. ಕೈಗವಸನ್ನು ಮೊಳೆಗೆ ಸಿಕ್ಕಿಸಿದರು.

"ಮುಂದಿನ ವಾರ ಜೋಡಿಸೋದಕ್ಕೆ ನೀವು..." ಅಂದರು ಡೆಸ್ಮಂಡ್ ದೂರದಿಂದಲೇ.

"ನಾನು ಇನ್ನು ಮುಟ್ಟಲ್ಲ ಕಣೋ. ನೀವು ಜೋಡಿಸಿ."

"ಯಾರೂ ನಿಮ್ಮನ್ನ ಏನೂ ಅಂದಿಲ್ಲ ಯಜಮಾನ್ರೇ."

"ಅದೇ ತೊಂದರೆ." ಕೋಟಿನ ಗುಂಡಿ ಹಾಕಿಕೊಂಡರು. "ಇಲ್ಲಿ ಎಷ್ಟು ಹೋಯ್ತೋ ಅಲ್ಲೂ ಅಷ್ಟು ಹೋಗ್ಬೇಕು. ನಿನಗೆ ಗೊತ್ತಿಲ್ದೇ ಇರೋದೇನು."

ಮಾರ್ಚ್ ೨೩, ಶನಿವಾರ

ಬರಲಿಲ್ಲ.

ಮಾರ್ಚ್ ೩೦, ಶನಿವಾರ

ಬರಲಿಲ್ಲ. ಚಕ್ರ ಒಳಗೆ ಹೋಯಿತು. ಡೆಸ್ಮಂಡ್ ಇಡೀ ದಿನ ಒಂದೂ ತಮಾಷೆ ಮಾಡಲಿಲ್ಲ.

ಏಪ್ರಿಲ್ ೧೩, ಶನಿವಾರ

ನೆಲದ ಮೇಲೆ ಎಂಜಿನ್ ಓಡಿಸಿದರು. ನಡುಕವಿಲ್ಲ. ಶಾಖ ಸರಿಯಿದೆ. ಎಲ್ಲರೂ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಆಮೇಲೆ ತಟ್ಟಲು ಒಂದು ಬೆನ್ನು ಕಡಿಮೆ ಅಂತ ಎಲ್ಲರಿಗೂ ಅನ್ನಿಸಿರಬೇಕು. ಟೀ ಕಾಯಿಸಲು ಹೋದರು.

ಸಂಜೆ ಹೊರೇಸ್ ಮನೆಗೆ ಹೋದೆ. ಬಾಗಿಲು ತಟ್ಟಿದೆ. ತಟ್ಟಿದೆ. ಕಿಟಕಿಯಲ್ಲಿ ಅವರ ತಲೆ ಕಾಣುತ್ತಿತ್ತು, ಬೆನ್ನು ಈ ಕಡೆ. ಕೂಗಬೇಕಿತ್ತು. ಚೀಟಿ ಬರೆದು ಬಾಗಿಲಡಿ ತೂರಿಸಿ ಬಂದೆ — ಇಪ್ಪತ್ತೇಳಕ್ಕೆ ಹಾರುತ್ತಾಳೆ.

ಏಪ್ರಿಲ್ ೨೭, ಶನಿವಾರ

ಗಾಳಿಯಿತ್ತು, ಮೋಡ ಎತ್ತರಕ್ಕಿತ್ತು. ಹಾರಬಹುದು ಅಂದರು ಪೈಲಟ್.

ಬಸ್ಸಿನಿಂದ ಹೊರೇಸ್ ಇಳಿದರು. ಹ್ಯಾಂಗರಿಗೆ ಬರಲಿಲ್ಲ. ನೋಡಲು ಬಂದ ಜನ ನಿಲ್ಲುವ ತಂತಿ ಬೇಲಿಯ ಆಚೆಗೆ ಹೋಗಿ ನಿಂತರು. ಐಸ್‌ಕ್ರೀಮ್ ತಿನ್ನುವ ಮಕ್ಕಳ ನಡುವೆ, ಕೋಟು ಹಾಕಿಕೊಂಡು.

ಎಲ್ಲರದ್ದೂ ಡಬ್ಬಿಗೆ ಹಾಕಿಸಿಕೊಂಡೆ. ಒಬ್ಬ ಹೊಸಬರ ಕಾಲರಿನಲ್ಲಿ ಯಾವುದೋ ಕ್ಲಬ್ಬಿನ ಬಿಲ್ಲೆ. ಅದನ್ನೂ ತೆಗೀರಿ ಅಂದೆ. ಕೇಳಿಸಲಿಲ್ಲ ಅವರಿಗೆ. ಮತ್ತೆ ಅಂದೆ. ತೆಗೆದರು.

ಆಮೇಲೆ ಬೇಲಿಯ ಹತ್ತಿರ ಹೋದೆ. ಹೊರೇಸ್ ಡಬ್ಬಿ ನೋಡಿದ್ದೇ ಜೇಬಿಗೆ ಕೈ ಹಾಕಿದರು. ಪೆಪ್ಪರ್‌ಮಿಂಟು. ಪೆನ್ಸಿಲ್. ಬೇಲಿಯಾಚೆ ಇರುವವರು ಹಾಕಬೇಕಿಲ್ಲ ಅಂದೆ. ಕೇಳಿಸಲಿಲ್ಲ. ಕಿವಿಯ ಮೆಷಿನ್ ತೆಗೆದು ಹಾಕಿದರು. ಕೊನೆಗೆ ಮಡಿಸಿದ ಕರವಸ್ತ್ರ.

ಮುದುಕಿ ಓಡಿದಳು. ಕೊನೆಯ ತುದಿಯವರೆಗೂ ನೆಲ ಬಿಡಲೇ ಇಲ್ಲ... ಬಿಟ್ಟಳು. ಡೆಸ್ಮಂಡ್ ಹುಲ್ಲಿನ ಮೇಲೆ ಕೂತುಬಿಟ್ಟರು.

ಸ್ಕಾರ್‌ಬಿಯ ಮೇಲೆ ಸುತ್ತು ಹೊಡೆದು ನಮ್ಮ ತಲೆಯ ಮೇಲೇ ಬಂದಳು. ಮಕ್ಕಳು ಕಿವಿ ಮುಚ್ಚಿಕೊಂಡರು. ನಾನು ಕಣ್ಣು ಮುಚ್ಚಿ ಆ ಶಬ್ದವನ್ನು ಉಗುರು ಓಡಿಸುವ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಕೇಳಿದೆ. ಎಲ್ಲೂ ಸಿಗಲಿಲ್ಲ.

"ಹೇಗಿದ್ದಾಳೆ?" ಹೊರೇಸ್ ಕೇಳಿದರು. ಎಡಗಿವಿ ನನ್ನ ಕಡೆ ಬಗ್ಗಿಸಿ.

ಕೂಗಿದರೆ ಸುಳ್ಳು ಅಂದುಕೊಳ್ಳುತ್ತಾರೆ. ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ.

ತಂತಿಯ ಸಂದಿಯಿಂದ ಅವರ ಕೈ ಹಿಡಿದು, ಅಂಗೈ ಮೇಲೆ ನನ್ನ ಹೆಬ್ಬೆರಳಿನ ಉಗುರು ಓಡಿಸಿದೆ. ಈ ಕಡೆಯಿಂದ ಆ ಕಡೆಗೆ, ಒಂದೇ ದಿಕ್ಕಿಗೆ, ಎಲ್ಲೂ ನಿಲ್ಲಿಸದೆ.

ಅಂಗೈಯನ್ನೇ ನೋಡಿದರು. ತಲೆಯಾಡಿಸಿದರು.

ಮುದುಕಿ ದೂರ ಹೋಗಿ ಚುಕ್ಕೆಯಾಗಿದ್ದಳು. ಶಬ್ದವೂ ಇರಲಿಲ್ಲ. ಜನ ಕಾರುಗಳ ಕಡೆ ತಿರುಗಿದ್ದರು. ಅವರು ಮಾತ್ರ ಖಾಲಿ ಆಕಾಶ ನೋಡುತ್ತ, ಕಿವಿಯನ್ನು ಹಾಗೇ ನನ್ನ ಕಡೆ ಬಗ್ಗಿಸಿ, ಇನ್ನೊಂದು ಸಲ ಕೇಳಿದರು —

"ಹೇಗಿದ್ದಾಳೆ?"

ಈ ಸಲ ಕೇಳಿದ್ದು ಮುದುಕಿಯ ಬಗ್ಗೆ ಅಲ್ಲ, ಮ್ಯೂರಿಯಲ್ ಬಗ್ಗೆ. ನಾನು ಬೇಲಿಗೆ ಒರಗಿ, ಅವರ ಕಿವಿಗೆ ಬಾಯಿಟ್ಟು, ಮೆಲ್ಲಗೆ ಅಂದೆ — "ಚೆನ್ನಾಗಿದ್ದಾಳೆ ಕಣ್ರಿ."