ಬಾವಿಗಿಳಿಸಿ ನೋಡಿದ ದೀಪಗಳು

ಹೊಳೆನರಸೀಪುರ
21 ಡಿಸೆಂಬರ್ 2025

ಚಿ. ಯಶಸ್ವಿನಿಗೆ ನಿನ್ನಮ್ಮ ಮಾಡುವ ಆಶೀರ್ವಾದ, ಅದರ ಬೆನ್ನಿಗೇ ಬೈಗುಳ.

ನಿನ್ನ ಕ್ಯಾಂಪಿನಲ್ಲಿ ಫೋನ್ ಸಿಗುವುದಿಲ್ಲ. ಸಿಕ್ಕರೂ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. "ಅಮ್ಮಾ, ಸಿಗ್ನಲ್ ಹೋಗ್ತಾ ಇದೆ" ಅಂದುಬಿಟ್ಟರೆ ನಿನ್ನ ಕೆಲಸ ಮುಗಿಯಿತು. ಅದಕ್ಕೇ ಈ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ, ಪೂರ್ತಿ ಓದು.

ಊರಿನವರ ಮಕ್ಕಳೆಲ್ಲ ಮನೆಗೆ ಫೋನ್ ಮಾಡಿ ಚಟ್ನಿಪುಡಿ ಕಳಿಸು, ತುಪ್ಪ ಕಳಿಸು ಅನ್ನುತ್ತಾರೆ. ನೀನು ಮೇಘಾಲಯದಲ್ಲಿ ಕೂತು, ನೀರು ತುಂಬಿದ ಗುಹೆಯೊಳಗೆ ಈಜಿಕೊಂಡು ಹೋಗುವುದಕ್ಕೆ ದೀಪ ಆರಿಸಿ ಕಳಿಸು ಅನ್ನುತ್ತೀಯ. ಅದೂ ದೊಡ್ಡ ದೀಪವಲ್ಲ, ದೊಡ್ಡದು ಕೆಟ್ಟುಹೋದರೆ ಜೀವ ಉಳಿಸಬೇಕಾದ ಚಿಕ್ಕದು. ಮೂರು ಕಂಪನಿಯವನ್ನು ಜೋಡಿ ಜೋಡಿಯಾಗಿ ನಮ್ಮ ವಿಳಾಸಕ್ಕೆ ತರಿಸಿ, "ನೀನು ಮೋಟಾರಿನವಳು, ನಿಂಗೆ ಸೀಲ್ ಗೊತ್ತು, ನೀನೇ ನೋಡು" ಅಂದೆ. ಇಪ್ಪತ್ತೆರಡು ವರ್ಷದಿಂದ ಬೋರ್‌ವೆಲ್ ಮೋಟಾರುಗಳನ್ನು ಬಿಚ್ಚಿ ಕಟ್ಟುತ್ತಿರುವುದು ನಿಜ ಕಣೇ. ಆದರೆ ನನ್ನ ಸೀಲು ಸೋರಿದರೆ ಯಾರದೋ ಹೊಲದ ಜೋಳ ಒಣಗುತ್ತದೆ, ಅಷ್ಟೇ. ನಿನ್ನದು ಹಾಗಾ?

ನಿಮ್ಮಪ್ಪನ ಸಹಾಯ ಬೇರೆ. ಹಾಸನಕ್ಕೆ ಹೋಗಿ ತಾವೂ ಒಂದು ಟಾರ್ಚ್ ತಂದರು. "ಐದು ಥರ ಉರೀತದಂತೆ ಕಣೇ, ಅಂಗಡಿಯವನು ಗ್ಯಾರಂಟಿ ಕೊಟ್ಟವ್ನೆ" ಅಂದರು. ಒಂದು ಸಲ ಒತ್ತಿದರೆ ಜೋರು, ಇನ್ನೊಂದು ಸಲಕ್ಕೆ ಮಂದ, ಮೂರನೇ ಸಲಕ್ಕೆ ಪೊಲೀಸ್ ಜೀಪಿನ ಹಾಗೆ ಮಿಣಮಿಣ. ಕತ್ತಲೆ ನೀರಿನಲ್ಲಿ, ಕೈಗವಸು ಹಾಕಿಕೊಂಡವಳು ಇದನ್ನು ಒತ್ತುತ್ತಾ ಎಣಿಸುತ್ತಾ ಇರಬೇಕಾ? ನೀರೊಳಗೆ ಗ್ಯಾರಂಟಿ ಕಾರ್ಡ್ ತೋರಿಸಬೇಕಾ? ಹಿತ್ತಲಿಗೆ ಹೋಗುವುದಕ್ಕೆ ನೀವೇ ಇಟ್ಟುಕೊಳ್ಳಿ ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಆಮೇಲೆ ಹಳೇಕೋಟೆಗೆ ಹೋದೆ. ದೊಡ್ಡಬೀರಯ್ಯ ಮಾವನ ಹೊಲದ ಬಾವಿಯಲ್ಲಿ ಈಗಲೂ ನಲವತ್ತಡಿ ನೀರಿದೆ. ಆರು ದೀಪವನ್ನೂ ಹೊತ್ತಿಸಿ, ಈರುಳ್ಳಿಯ ಬಲೆಚೀಲಕ್ಕೆ ಹಾಕಿ, ಕಲ್ಲು ಕಟ್ಟಿ ತಳಕ್ಕೆ ಇಳಿಸಿದೆ. ಗಂಟೆಗೊಂದು ಸಲ ಎಳೆದು ನೋಡುವುದು, ಮತ್ತೆ ಇಳಿಸುವುದು. ಮಾವ ಬಂದು, "ಇದೇನವ್ವಾ, ಹಾಡ್ ಹಗಲಲ್ಲಿ ನನ್ ಬಾವಿಗೆ ದೀಪ ಬುಟ್ಕೊಂಡ್ ಕುಂತಿದ್ದೀಯ? ಏನ್ ಬೀಳುಸ್ಕಂಡೆ?" ಅಂದರು. ಏನೂ ಬೀಳಿಸಿಕೊಂಡಿಲ್ಲ ಮಾವ, ನಮ್ಮ ಹುಡುಗಿ ಗುಹೆ ನೀರಿಗೆ ಇಳಿಯುತ್ತಾಳೆ, ಅವಳಿಗೆ ಅಂದೆ. "ಬಾವಿಗಾದ್ರೆ ಮ್ಯಾಲೆ ಬಾಯಿ ಅದೆ. ಗುಹೆ ಒಳೀಕ್ ಓದೋಳು ಎಂಗವ್ವಾ ಈಚೀಗ್ ಬತ್ತಾಳೆ?" ಅಂದರು. ದಾರ ಬಿಟ್ಟುಕೊಂಡು ಹೋಗಿರುತ್ತಾಳೆ, ದೀಪದಲ್ಲಿ ಆ ದಾರ ನೋಡಿಕೊಂಡು ಬರುತ್ತಾಳೆ ಅಂದೆ. ಅವರು ಮನೆಗೆ ಹೋಗಿ ಮಜ್ಜಿಗೆ ತಂದು ಕೊಟ್ಟು, ಸಂಜೆವರೆಗೂ ನನ್ನ ಪಕ್ಕದಲ್ಲೇ ಕೂತಿದ್ದರು.

ಗುಂಡಿ ಒತ್ತುವ ಜೋಡಿಯಲ್ಲಿ ಒಂದು ತಾನಾಗಿ ಆರಿ ತಾನಾಗಿ ಹತ್ತಿಕೊಂಡಿತು. ಅಂಥದ್ದು ಬೇಡವೇ ಬೇಡ. ಚಾರ್ಜ್ ಮಾಡುವ ಜೋಡಿ ಕಣ್ಣು ಕುಕ್ಕುವಷ್ಟು ಉರಿದು, ಮೂರನೇ ಸಲ ಎಳೆದಾಗ ಎರಡೂ ಪೂರ್ತಿ ಕತ್ತಲೆ. ಉಳಿದದ್ದು ತಲೆ ತಿರುಗಿಸಿ ಹೊತ್ತಿಸುವ ಜೋಡಿ. ಕಿರಾಣಿ ಅಂಗಡಿಯಲ್ಲಿ ಸಿಗುವ ಸೆಲ್ ಹಾಕುವಂಥದ್ದು, ಬೆಳಕೂ ಅಷ್ಟಕ್ಕಷ್ಟೇ. ಆದರೆ ಆರು ಗಂಟೆ ಕಳೆದರೂ ಆರಲಿಲ್ಲ, ನಿಧಾನವಾಗಿ ಮಂಕಾಗುತ್ತಾ ಬಂತು. ಒಳಗೆ ಒಂದು ಹನಿ ನೀರಿಲ್ಲ. ಅದೇ ಜೋಡಿಯನ್ನು ಕಳಿಸಿದ್ದೇನೆ. ಪ್ರತಿ ಸಲವೂ ಹೊಸ ಸೆಲ್ ಹಾಕು. ನೀರಿಗೆ ಇಳಿಯುವ ಮೊದಲು ಹೊತ್ತಿಸಿ ನೋಡು. ದೊಡ್ಡದೊಂದು, ಚಿಕ್ಕವೆರಡು, ಈ ಮೂರರಲ್ಲಿ ಯಾವ ದೀಪ ಕೆಟ್ಟರೂ ಅಲ್ಲಿಂದಲೇ ವಾಪಸ್ ತಿರುಗು. ಇನ್ನೂ ಎರಡು ಇವೆಯಲ್ಲ ಅಂತ ಮುಂದೆ ಹೋಗಬೇಡ. ಈ ನಿಯಮ ನೀನೇ ನನಗೆ ಹೇಳಿಕೊಟ್ಟದ್ದು.

ತಲೆ ಬಿಚ್ಚಿದ ಕಡೆ ಒಂದು ರಬ್ಬರ್ ಬಳೆ ಇದೆ. ಅದರ ಮೇಲೆ ಒಂದು ಕೂದಲೆಳೆ ಕೂತರೂ ನೀರು ನುಗ್ಗುತ್ತದೆ. ಈ ಮಾತು ಬರೆದು ಎರಡು ದಿನ ಕಾಗದವನ್ನು ಹಾಗೇ ಇಟ್ಟಿದ್ದೆ. ಇನ್ನು ಹೇಳದೆ ಆಗುವುದಿಲ್ಲ.

ಆಯುಧಪೂಜೆಗೆ ನೀನು ಮನೆಗೆ ಬಂದಿದ್ದೆಯಲ್ಲ. "ನನ್ನ ಬ್ಯಾಗ್ ಮಾತ್ರ ಮುಟ್ಟಬೇಡ ಅಮ್ಮ" ಅಂತ ಹೇಳಿ ಅರಕಲಗೂಡಿಗೆ ಗೆಳತಿಯ ಮನೆಗೆ ಹೋದೆ. ಅಂಗಡಿಯ ಸ್ಪ್ಯಾನರ್‌ನಿಂದ ಹಿಡಿದು ನಿಮ್ಮಪ್ಪನ ಸ್ಕೂಟರ್‌ವರೆಗೂ ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಟ್ಟೆ. ನನ್ನ ಮಗಳ ಜೀವ ಕಾಯುವ ಸಾಮಾನಿಗೇ ಪೂಜೆ ಇಲ್ಲವಾ ಅನ್ನಿಸಿತು. ಬ್ಯಾಗಿನಿಂದ ನಿನ್ನ ಆ ಹಳೆಯ ಎರಡು ಚಿಕ್ಕ ದೀಪಗಳನ್ನು ತೆಗೆದೆ. ಸುಮ್ಮನೆ ಹೊರಗಡೆ ಬೊಟ್ಟಿಟ್ಟು ಬಿಡಬಾರದಾಗಿತ್ತಾ? ನನ್ನ ಕೈ ಕೇಳಬೇಕಲ್ಲ. ತಲೆ ಬಿಚ್ಚಿ ಒರೆಸಿದೆ. ಕುಂಕುಮದ ಕೈಯಲ್ಲೇ ರಬ್ಬರ್ ಬಳೆಯನ್ನು ಸರಿಮಾಡಿ ತಿರುಗಿಸಿದೆ. ನೀನು ಬರುವ ಹೊತ್ತಿಗೆ ಹೊರಗಿನದನ್ನೆಲ್ಲ ಒರೆಸಿ ಬ್ಯಾಗಿಗೆ ಸೇರಿಸಿದ್ದೆ. ಬೇರೆ ಯಾರಾದರೂ ಮೋಟಾರಿನ ಸೀಲನ್ನು ಹಾಗೆ ಮುಟ್ಟಿದ್ದರೆ ಅಂಗಡಿಯಿಂದ ಆಚೆಗೆ ಅಟ್ಟುತ್ತಿದ್ದೆ.

ನವೆಂಬರಿನಲ್ಲಿ ನೀನು ಬಂದು, ಊಟಕ್ಕೆ ಕೂತು, ಸಿನಿಮಾ ಕಥೆ ಹೇಳುವ ಹಾಗೆ ಹೇಳಿದೆ. ಗುಹೆಯೊಳಗೆ ಎಂಬತ್ತು ಮೀಟರ್ ಹೋದ ಮೇಲೆ ದೊಡ್ಡ ದೀಪ ಕೆಟ್ಟಿತು, ಚಿಕ್ಕದು ಒಂದು ಸಲ ಹತ್ತಿ ಆರಿತು, ಇನ್ನೊಂದು ಹತ್ತಲೇ ಇಲ್ಲ, ಜೊತೆಗೆ ಇಳಿದಿದ್ದ ರಜನೀಶನ ದೀಪದಲ್ಲಿ ಅವನ ತೋಳು ಹಿಡಿದುಕೊಂಡು ಹೊರಗೆ ಬಂದೆ ಅಂದೆ. ಎರಡನ್ನೂ ಬಿಚ್ಚಿ ತೋರಿಸಿದೆ. "ನೋಡಮ್ಮ, ಕೆಂಪು ಮಣ್ಣು. ಹಿಂದಿನ ದಿನ ದೀಪ ನೋಡೋ ಕೆಲಸ ಅವನದು. ಮಣ್ಣಲ್ಲಿ ಕೂತು ಬಿಚ್ಚಿದ್ದಾನೆ. ಇನ್ನು ಅವನ ಜೊತೆ ನೀರಿಗಿಳಿಯಲ್ಲ ಅಂತ ಎಲ್ಲರ ಎದುರಿಗೇ ಹೇಳಿಬಂದೆ" ಅಂದೆ.

ಅದು ಮಣ್ಣಲ್ಲ ಯಶು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಆದರೂ ನಿನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, "ಈ ಗಂಡುಡುಗ್ರಿಗೆ ಜವಾಬ್ದಾರಿ ಎಲ್ಲಿರ್ತದೆ" ಅಂದೆ. ನಿನ್ನನ್ನು ಕೊಲ್ಲುವ ಕೆಲಸ ಮಾಡಿದ್ದು ನಾನು, ಬೈಸಿಕೊಂಡವನು ನಿನ್ನನ್ನು ಹೊರಗೆ ತಂದವನು. ಆವತ್ತಿನಿಂದ ನನಗೆ ಊಟ ರುಚಿಸುತ್ತಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಹೇಳಬೇಕು ಅಂದುಕೊಳ್ಳುತ್ತೇನೆ, ಸಿಗ್ನಲ್ ಹೋದರೆ ಸದ್ಯ ಅನ್ನಿಸುತ್ತದೆ. ಎಂಥ ಹೆಂಗಸು ನಾನು ಅಂತ ನನಗೇ ಅಸಹ್ಯವಾಗುತ್ತದೆ.

ಆದರೆ ನಿನ್ನ ಮೇಲೂ ನನಗೆ ಸಿಟ್ಟಿದೆ. ಒಂದು ಮಾತು ಕೇಳದೆ, ಮೂರು ವರ್ಷ ಜೊತೆಗೆ ಇಳಿದವನನ್ನು ಹಾಗೆ ಅನ್ನಬಹುದಾ? ಅವನು ತಂಡ ಬಿಟ್ಟು ಚನ್ನರಾಯಪಟ್ಟಣಕ್ಕೆ ಬಂದು, ಅವರಪ್ಪನ ತೋಟದಲ್ಲಿ ಕಾಯಿ ಸುಲಿಸಿಕೊಂಡು ಕೂತಿದ್ದ. ನೀನು ಜನವರಿ ನಾಲ್ಕಕ್ಕೆ ಯಾರೋ ಹೊಸಬನ ಜೊತೆ ಇಳಿಯುತ್ತೀಯಂತೆ. ಅವನು ಇಲ್ಲಿಯವರೆಗೆ ಗುಹೆಗೆ ಇಳಿದಿರುವುದು ಮೂರೇ ಸಲವಂತೆ. ನನ್ನ ತಪ್ಪಿನಿಂದ ನೀನು ಅಂಥವನ ಹಿಂದೆ ಕತ್ತಲೆಗೆ ಹೋಗುವುದನ್ನು ನಾನು ನೋಡಿಕೊಂಡು ಇರಲಾರೆ. ನನ್ನನ್ನು ಎಷ್ಟು ಬೇಕಾದರೂ ಬೈ. ಸಂಕ್ರಾಂತಿಗೆ ಮನೆಗೆ ಬರುವುದಿಲ್ಲ ಅಂದರೂ ಸರಿ. ಇಳಿದರೆ ರಜನೀಶನ ಜೊತೆ ಇಳಿ, ಇಲ್ಲದಿದ್ದರೆ ಇಳಿಯಲೇಬೇಡ.

ಹುಷಾರು. ಹೊತ್ತಿಗೆ ಸರಿಯಾಗಿ ತಿನ್ನು.

ತಪ್ಪು ಮಾಡಿದ ನಿನ್ನ ಅಮ್ಮ,
ಯಮುನಾ

ತಾ.ಕ.: ಇದನ್ನು ಮೇಲೆಯೇ ಬರೆದಿದ್ದರೆ ನೀನು ಮುಂದೆ ಓದುತ್ತಿರಲಿಲ್ಲ. ಮೊನ್ನೆ ಚನ್ನರಾಯಪಟ್ಟಣಕ್ಕೆ ಹೋಗಿ ರಜನೀಶನ ಮುಂದೆ ಎಲ್ಲ ಒಪ್ಪಿಕೊಂಡೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಅವತ್ತೇ ಆ ಕೆಂಪು ನೋಡಿ ಗೊತ್ತಾಯ್ತು ಕಣಮ್ಮಾ, ನಮ್ಮನೇಲೂ ಹಬ್ಬಕ್ಕೆ ಲ್ಯಾಪ್‌ಟಾಪಿಗೂ ಕುಂಕುಮ ಇಡ್ತಾರೆ" ಅಂದ. ಮತ್ತೆ ಯಾಕಪ್ಪಾ ಬಾಯಿ ಬಿಡಲಿಲ್ಲ ಅಂದೆ. "ನನ್ ಮ್ಯಾಲೆ ಸಿಟ್ಟಾದ್ರೆ ಅವ್ಳಿಗೆ ಇನ್ನೊಬ್ಬ ಜೊತೆಗಾರ ಸಿಗ್ತಾನೆ. ನಿಮ್ ಮ್ಯಾಲೆ ಸಿಟ್ಟಾದ್ರೆ ಮನೇಗ್ ಬರೋದೇ ಬುಟ್ಬುಡ್ತಾಳೆ" ಅಂದ. ನಾನು ಅವರ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ದೀಪದ ಡಬ್ಬವನ್ನು ಕೊರಿಯರ್‌ಗೆ ಹಾಕಲಿಲ್ಲ. ತಂದವನು ಮೂರು ದಿನ ರೈಲಿನಲ್ಲಿ ಕೂತು ಬಂದಿದ್ದಾನೆ. ನೀನು ಇದನ್ನು ಓದಿ ಮುಗಿಸುವ ತನಕ ಹೊರಗೇ ನಿಂತಿರು ಅಂತ ಹೇಳಿ ಕಳಿಸಿದ್ದೇನೆ. ಈಗ ಎದ್ದು ಹೋಗಿ ಅವನನ್ನು ಒಳಗೆ ಕರಿ.