ನಾನೂರ ಮೂವತ್ತರಿಂದ ಮುಂದೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಹಿಂದಿನ ಆರು ಸ್ಕ್ರೂ ಬಿಚ್ಚಿದ್ದಾಯಿತು. ಎರಡಕ್ಕೆ ತುಕ್ಕು, ಕೊರೆದೇ ತೆಗೆಯಬೇಕಾಯಿತು. ಒಳಗೆ ಬೆಲ್ಟ್ ಕರಗಿ ಡಾಂಬರಿನಂತಾಗಿದೆ. ಬಲಗಡೆ ಸ್ಪೀಕರಿನ ಕಾಗದ ಹರಿದಿದೆ. ಹಿಡಿಕೆ ಮುರಿದಿದೆ, ಏರಿಯಲ್ ಇಲ್ಲ, ಮೂಲೆಯಿಂದ ಮೂಲೆಗೆ ಬಿರುಕು. ಮೂವತ್ತೊಂದು ವರ್ಷ ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದ ಟೂ-ಇನ್-ಒನ್, ರೇಡಿಯೋ ಟೇಪ್ ಎರಡೂ ಇರುವ ಸೆಟ್ಟು. ಊರವರ ಸೆಟ್ಟುಗಳನ್ನೆಲ್ಲ ರಿಪೇರಿ ಮಾಡಿದ ಮೆಕ್ಯಾನಿಕ್ ಸ್ವಂತ ಮನೆಯದನ್ನು ಮುಟ್ಟಿರಲಿಲ್ಲ. ಮುಟ್ಟುವುದೇನು, ಎತ್ತಿ ಗೋಡೆಗೆ ಬಡಿದವನೇ ನಾನು.

ಹೆಂಡತಿ ಟೀ ಇಟ್ಟು, ಮೇಜಿನ ತುಂಬಾ ಹರಡಿದ್ದನ್ನು ನೋಡಿ ಅಂದಳು — "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು." ನನ್ನ ಬಾಯಲ್ಲಿ ಸ್ಕ್ರೂ ಇತ್ತು.

ಮಾರ್ಚ್ 5

ತಂಗಿ ಬಂದು ಇವತ್ತಿಗೆ ಒಂದು ವಾರ. ಒಳಕೋಣೆಯಲ್ಲಿ ಮಂಚ ಹಾಕಿದ್ದೇವೆ. ಜನವರಿಯಲ್ಲಿ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ತೂತು, ಮೇಲೊಂದು ಬಿಳಿ ಬಟ್ಟೆ. ಉಸಿರಾಡುವುದೂ ಅದರಲ್ಲೇ, ಕೆಮ್ಮುವುದೂ ಅದರಲ್ಲೇ. ಮಾತಿಲ್ಲ, ಸ್ಲೇಟಿದೆ. ಇಪ್ಪತ್ತೆಂಟು ವರ್ಷ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಸಾರಿದವಳು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಶ್ವಾಸಕೋಶಕ್ಕೂ ಹರಡಿದೆ, ಬೇಸಿಗೆ ದಾಟುವುದು ಕಷ್ಟ. ಅವಳಿಗೂ ಗೊತ್ತು.

ಬಂದ ದಿನವೇ ಬರೆದು ತೋರಿಸಿದಳು: "ಆ ಪೆಟ್ಟಿಗೆ ಇದೆಯಾ? ನನ್ನ ದನಿ ಕೇಳಬೇಕು."

ಫೋನಿನಲ್ಲಿ ಇರುವುದೆಲ್ಲ ಖಾಯಿಲೆಯ ನಂತರದ ಗೊಗ್ಗರು ದನಿ. ಹಳೆಯದು ಇರುವುದು ಒಂದೇ ಕ್ಯಾಸೆಟ್ಟಿನಲ್ಲಿ. ಅದು ನಜ್ಜುಗುಜ್ಜಾದ ಡೆಕ್ಕಿನೊಳಗೇ ಸಿಕ್ಕಿಕೊಂಡಿದೆ. ಇಷ್ಟು ವರ್ಷ ಅವಳು ನನ್ನೊಡನೆ ಮಾತಾಡಿದವಳಲ್ಲ. ಇಬ್ಬರ ಸುದ್ದಿಯೂ ಅತ್ತಿಗೆ-ನಾದಿನಿಯರ ಫೋನಿನಲ್ಲೇ ಓಡಾಡಿದ್ದು. ಸ್ಲೇಟಿನ ಆ ಸಾಲೇ ನನಗೆ ಅವಳ ಮೊದಲ ಮಾತು. ಓದಿ ಅಟ್ಟ ಹತ್ತಿದೆ.

ಮಾರ್ಚ್ 9, ಭಾನುವಾರ

ಡೆಕ್ಕಿನ ಬಾಗಿಲು ಬಿಚ್ಚಿಕೊಂಡು ಬಂತು. ಕ್ಯಾಸೆಟ್ ನೆಟ್ಟಗಿದೆ. ಟೇಪು ಒಂದು ಕಡೆ ಸುಕ್ಕಾಗಿದೆ ಅಷ್ಟೇ.

ಆದರೆ ಕೆಂಪು ಕೀ ಒತ್ತಿದ ಹಾಗೇ ಕಚ್ಚಿಕೊಂಡಿದೆ. ರೆಕಾರ್ಡ್ ಕೀ. ಅಂದರೆ ನಾನು ಎತ್ತಿ ಬಡಿದಾಗ ರೆಕಾರ್ಡ್ ಆಗುತ್ತಿತ್ತು... ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಆಗ ಅವಳಿಗೆ ಇಪ್ಪತ್ತೆರಡು. ರೇಡಿಯೋದವರು ಧ್ವನಿ ಪರೀಕ್ಷೆಗೆ ಕರೆದಿದ್ದರು. ಬಾಗಿಲು ಹಾಕಿಕೊಂಡು ಸುದ್ದಿ ಓದುವ ಅಭ್ಯಾಸ. ಮನೆ ಹೆಣ್ಣುಮಗಳ ದನಿ ಊರವರಿಗೆಲ್ಲ ಯಾಕೆ ಎಂದವನು ನಾನು. ಅಪ್ಪ ಇಲ್ಲದ ಮನೆಯ ಯಜಮಾನ, ಮೂಗಿನ ತುದಿಯಲ್ಲಿ ಕೋಪ. ರೇಡಿಯೋದವರ ಕಾಗದ ಹರಿದೆ, ಪೆಟ್ಟಿಗೆ ಒಡೆದೆ. ಅವಳು ಅವತ್ತೇ ಹೊರಟುಹೋದಳು.

ಮಾರ್ಚ್ 17. ಮಧ್ಯಾಹ್ನ

ಬೆಲ್ಟ್ ಸಿಗಲು ಎಂಟು ದಿನ ಹಿಡಿಯಿತು. ಹತ್ತಿ, ಸ್ಪಿರಿಟ್, ಡಾಂಬರು ಕೆರೆಯುವುದು — ಉಗುರಿನಲ್ಲಿ ಇನ್ನೂ ಕಪ್ಪು. ಕಚ್ಚಿಕೊಂಡಿದ್ದ ಕೆಂಪು ಕೀ ಬಿಡಿಸಿ, ಸ್ಪೀಕರಿಗೆ ಟಿಶ್ಯೂ ಅಂಟಿಸಿದೆ. ರಿಪೇರಿಗೆ ಇಟ್ಟುಕೊಂಡಿದ್ದ ಪರೀಕ್ಷೆ ಕ್ಯಾಸೆಟ್ ಹಾಕಿ, ಟೇಪಿನಿಂದ ದನಿ ಓದುವ ಹೆಡ್ಡನ್ನು ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ನೇರ ಮಾಡಿದೆ. ಓಡಿತು.

ತಂಗಿ ಮಲಗಿದ್ದಳು. ಅವಳ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ, ಟೇಪು ಓಡಿದ್ದನ್ನು ಎಣಿಸುವ ಕೌಂಟರನ್ನು ಸೊನ್ನೆಗೆ ತಂದು, ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳಿದೆ.

ಎಲ್ಲ ಅವಳೇ ಕಟ್ಟಿದ ಸುದ್ದಿ. "ನಮ್ಮ ಮನೆಯ ನಲ್ಲಿ ಮೂರನೆಯ ದಿನವೂ ಸೋರುತ್ತಿದ್ದು, ಅಣ್ಣನವರು ಬೆಳಿಗ್ಗೆಯಿಂದ ಕೆಂಡಾಮಂಡಲವಾಗಿದ್ದಾರೆ. ಸಂಜೆಯೊಳಗೆ ತಣ್ಣಗಾಗುವ ಸಂಭವವಿದೆ." ನಕ್ಕುಬಿಟ್ಟೆ. ನಗುತ್ತಿರುವಾಗಲೇ ಕೌಂಟರ್ 430. ಬಾಗಿಲು ಬಡಿದ ಸದ್ದು. ನನ್ನ ಕೂಗು.

"ನಿನ್ನ ದನಿ ಇನ್ನು ಈ ಮನೇಲಿ ಕೇಳಬಾರದು."

ಅವಳು — "ಅಣ್ಣ, ಕೊನೇವರೆಗೂ ಒಂದ್ಸಲ ಕೇಳು. ಆಮೇಲೆ ಬೈಯಿ."

436ಕ್ಕೆ ದಬ್ ಎಂದು ಸದ್ದು. ಆಮೇಲೆ ಬರೀ ಖಾಲಿ ಟೇಪು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಎಲ್ಲಿಗೂ ಹೋಗಿಲ್ಲ. ನಾನು ಅಂದ ಹಾಗೆಯೇ ಆಗಿದೆ. ಅವಳು ಈ ಮನೆಗೆ ಬಂದಿದ್ದಾಳೆ, ದನಿ ಬಂದಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 18

ನನ್ನ ಕೂಗಿರುವ ಕೊನೆಯ ತುಂಡನ್ನು ಕತ್ತರಿಸಿದರೆ ಅವಳಿಗೆ ತಿಳಿಯದು. ಕತ್ತರಿ ಯಾಕೆ ಹೊರಗೆ ಬಂತು ಎಂದಳು ಹೆಂಡತಿ. ಉಗುರಿಗೆ ಅಂದೆ. ಧೈರ್ಯ ಬರಲಿಲ್ಲ. ಪಕ್ಕದಲ್ಲೇ ಕೂತಿರುತ್ತೇನೆ, 425ಕ್ಕೆ ಸ್ಟಾಪ್ ಒತ್ತಿಬಿಟ್ಟರಾಯಿತು.

ಮಾರ್ಚ್ 20. ಸಂಜೆ 5

ಮಂಚದ ಪಕ್ಕ ಸ್ಟೂಲಿನ ಮೇಲೆ ಸೆಟ್ಟು ಇಟ್ಟು ಹಾಕಿದೆ. ಎರಡು ನಿಮಿಷ ಕೇಳಿದಳು. ಮುಖ ಸಣ್ಣದಾಯಿತು. ಸ್ಲೇಟು: "ಇದು ನಾನಲ್ಲ."

ನನಗೆ ಸಿಟ್ಟೇ ಬಂತು. ಇನ್ಯಾರು, ಪಕ್ಕದ ಮನೆಯವಳಾ? ಮತ್ತೆ ಬರೆದಳು: "ಕಂಬಳಿ ಹೊದ್ದು ಮಾತಾಡಿದ ಹಾಗಿದೆ." ಹೆಂಡತಿಗೂ ಹಾಗೇ ಕೇಳುತ್ತಿದೆಯಂತೆ. ನನಗೆ ಯಾವ ಕಂಬಳಿಯೂ ಕೇಳಲಿಲ್ಲ. ಅರವತ್ತೆರಡರ ಕಿವಿ, ತೆಳು ಸದ್ದುಗಳು ಯಾವಾಗಲೋ ಹೋಗಿವೆ.

ಆಮೇಲೆ ಹೊಳೆಯಿತು. ಈ ಸೆಟ್ಟಿನ ಹೆಡ್ಡು ಕೊಂಡ ದಿನದಿಂದಲೂ ಚೂರು ಡೊಂಕಿರಬೇಕು. ಡೊಂಕು ಹೆಡ್ಡಿನಲ್ಲಿ ತುಂಬಿದ ದನಿ, ಹೆಡ್ಡು ಅಷ್ಟೇ ಡೊಂಕಿದ್ದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ನಾನು ಅದನ್ನು ನೇರ ಮಾಡಿ ಕೆಡಿಸಿದ್ದೇನೆ. ಯಾವತ್ತೂ ನನ್ನ ಕಸುಬೇ ಅದು.

ಸಣ್ಣ ಸ್ಕ್ರೂಡ್ರೈವರ್ ಅವಳ ಕೈಗೇ ಕೊಟ್ಟೆ. ಹೆಡ್ಡಿನ ಸ್ಕ್ರೂ ತೋರಿಸಿ, ಟೇಪು ಓಡುವಾಗಲೇ ಕೂದಲೆಳೆಯಷ್ಟು ತಿರುಗಿಸು ಅಂದೆ. ತಿರುಗಿಸಿದಳು. ಹಿಂದಕ್ಕೆ, ಮುಂದಕ್ಕೆ. 300... 350... ಕೈ ನಿಂತಿತು. ಕಣ್ಣು ಮುಚ್ಚಿದಳು. ನನಗೆ ಮೊದಲಿನಂತೆಯೇ ಕೇಳುತ್ತಿತ್ತು. ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು. ನಲ್ಲಿಯ ಸುದ್ದಿಗೆ ತಂಗಿಯ ಭುಜ ಕುಲುಕಿತು. ನಗುವುದೂ ಈಗ ಅಷ್ಟೇ, ಸದ್ದಿಲ್ಲ.

425. ಸ್ಟಾಪಿಗೆ ಕೈ ಚಾಚಿದೆ. ನನ್ನ ಮಣಿಕಟ್ಟು ಹಿಡಿದಳು. ಮೂಳೆ ಚರ್ಮ ಆಗಿರುವ ಕೈ, ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ. ಎಲ್ಲ ಬಂತು. ಕೂಗು, ಅವಳ ಮಾತು, ದಬ್.

ನನ್ನ ಕೈ ಬಿಟ್ಟು, ಸ್ಲೇಟು ತೆಗೆದುಕೊಂಡು ಬರೆದಳು: "ನಿನ್ನ ದನಿಯೂ ಚೆನ್ನಾಗಿಯೇ ಬಂದಿದೆ."

ಮಾರ್ಚ್ 21

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಟೇಪನ್ನು 430ಕ್ಕೆ ತಂದು ನಿಲ್ಲಿಸಿದ್ದಳು. ಕೆಂಪು ಕೀ ತೋರಿಸಿ, ಸ್ಲೇಟು ಕೊಟ್ಟಳು: "ಇಲ್ಲಿಂದ ಮಾತಾಡು. ನಿನ್ನ ಕೂಗು ಅಳಿಸಿಹೋಗಲಿ. ಏನಾದರೂ ಒಳ್ಳೆಯದು ಹೇಳು. ನಾನು ಕೇಳಬೇಕು."

ದನಿ ಇರುವವನಿಗೇ ಮಾತು ಹೊರಡಲಿಲ್ಲ. ನಾಳೆ ಹೇಳ್ತೀನಿ ಅಂದೆ.

ಮಾರ್ಚ್ 22

ನಾಳೆ.

ಏಪ್ರಿಲ್ 4. ಬೆಳಿಗ್ಗೆ 11

ತಂಗಿ ಹೋಗಿ ಒಂಬತ್ತು ದಿನ. ಬಂದವರೆಲ್ಲ ವಾಪಸ್ಸಾದರು. ಮಂಚ ಖಾಲಿ. ಸ್ಲೇಟನ್ನು ಹೆಂಡತಿ ಒರೆಸಿಲ್ಲ, ನನಗೂ ಒರೆಸಲು ಬಿಡುವುದಿಲ್ಲ. ಇಪ್ಪತ್ತೆರಡರಂದೇ ಉಸಿರಿಗೆ ಕಷ್ಟವಾಗಿ ಆಸ್ಪತ್ರೆಗೆ ಒಯ್ದೆವು. ಅಲ್ಲಿ ನಾಲ್ಕು ದಿನ. ಪಕ್ಕದಲ್ಲೇ ಕೂತಿದ್ದೆ, ಆಗಲೂ ಹೇಳಲಿಲ್ಲ. ಹೇಡಿ ನಾನು.

ಕೌಂಟರ್ ಇನ್ನೂ 430ರಲ್ಲಿ ನಿಂತಿತ್ತು. ಇವತ್ತು ಸ್ಟೂಲಿನ ಮುಂದೆ ಕೂತೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಕೆಂಪು ಕೀ ಮೇಲೆ ಬೆರಳಿಟ್ಟೆ. ಒತ್ತಿದರೆ ನನ್ನ ಕೂಗು ಅಳಿಯುತ್ತದೆ. ಅದರ ಬೆನ್ನಿಗೇ ಇರುವ ಅವಳ ಮಾತೂ ಅಳಿಯುತ್ತದೆ. ಈ ಮನೆಯಲ್ಲಿ ಅವಳು ನನಗೆ ಬಾಯಿಬಿಟ್ಟು ಹೇಳಿದ ಕೊನೆಯ ಮಾತು. ಅದನ್ನು ಉಳಿಸಿಕೊಳ್ಳಬೇಕಾದರೆ ನನ್ನದನ್ನೂ ಉಳಿಸಿಕೊಳ್ಳಬೇಕು.

ಚೀಟಿ ಹರಿದೆ. ಕ್ಯಾಸೆಟ್ ತೆಗೆದು, ಅದರ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುರಿದುಹಾಕಿದೆ. ಅದು ಇಲ್ಲದಿದ್ದರೆ ಕೆಂಪು ಕೀ ಒತ್ತಲು ಬರುವುದಿಲ್ಲ. ನನಗೂ, ಯಾರಿಗೂ.

ಮತ್ತೆ ಹಾಕಿ, ಸೊನ್ನೆಯಿಂದ ಶುರು ಮಾಡಿದೆ. ಹೆಡ್ಡಿನ ಸ್ಕ್ರೂ ಅವಳು ಬಿಟ್ಟ ಹಾಗೇ ಇದೆ. ನಲ್ಲಿ ಸೋರಿತು. ಕೆಂಡಾಮಂಡಲವಾದೆ. ಕೂಗಿದೆ. ಕೊನೇವರೆಗೂ ಒಂದ್ಸಲ ಕೇಳು, ಆಮೇಲೆ ಬೈಯಿ —

ಕೇಳಿದೆ, ತಂಗಿ. ಕೊನೇವರೆಗೂ ಕೇಳಿದೆ. ನೀನು ಎಷ್ಟು ಚೆನ್ನಾಗಿ —